‘ಇದು ಯಾವ ಅದೇ?’: ಪ್ರಬಂಧಕ್ಕೆ ಆಕರ ಹುಡುಕಿದ ನನ್ನ ಅನುಭವ

ಎಂ.ಎ. ಎರಡನೇ ವರ್ಷದಲ್ಲಿ ನಾನು ಹಳೇ ಮೈಸೂರು ಭಾಗದ ಕೆರೆಗಳ ಮೇಲೆ ಪ್ರಬಂಧ ಬರೆದೆ. ಇತಿಹಾಸ ವಿಭಾಗ, ಕನ್ನಡದಲ್ಲಿ, ಸುಮಾರು ಎಂಬತ್ತು ಪುಟ. ಮೊದಲ ಕರಡು ಕೊಟ್ಟ ಮೂರನೇ ದಿನ ಗೈಡ್ ಮೇಡಂ ಕರೆದರು. ಎರಡನೇ ಅಧ್ಯಾಯದ ಒಂದು ಪುಟ ತೆಗೆದು, ಅಡಿಟಿಪ್ಪಣಿಯ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, “ಇದು ಯಾವ ಅದೇನಪ್ಪಾ?” ಎಂದರು.

ಅಲ್ಲಿ ‘ಅದೇ, ಪು. 45’ ಎಂದಿತ್ತು, ಅಂದರೆ ಮೇಲಿನ ಟಿಪ್ಪಣಿಯಲ್ಲಿ ಹೇಳಿದ ಪುಸ್ತಕವೇ, 45ನೇ ಪುಟ. ಅದರ ಮೇಲಿನ ಟಿಪ್ಪಣಿ ‘ಅದೇ, ಪು. 112’. ಅದಕ್ಕೂ ಮೇಲೆ ‘ಮೈಸೂರು ಗೆಜೆಟಿಯರ್’, ಅಂದರೆ ಸೀಮೆಯ ಊರು, ಜನ, ಇತಿಹಾಸದ ವಿವರ ಇರುವ ಗ್ರಂಥ. ಆದರೆ ವಾಕ್ಯದಲ್ಲಿದ್ದ ವಿಷಯ ಶಾಸನದ್ದು, ಗೆಜೆಟಿಯರಿನದ್ದಲ್ಲ. ಆಗಿದ್ದು ಇಷ್ಟೇ: ಕೊಡುವ ಹಿಂದಿನ ರಾತ್ರಿ ಎರಡು ಪ್ಯಾರಾ ಕಟ್ ಮಾಡಿ ಮೇಲಕ್ಕೆ ಹಾಕಿದ್ದೆ. ಟಿಪ್ಪಣಿಗಳೂ ಅವುಗಳ ಜೊತೆ ಮೇಲಕ್ಕೆ ಬಂದವು. ‘ಅದೇ’ ಮಾತ್ರ ಹೋದ ಕಡೆಯೇ ತನ್ನ ಮನೆ ಅಂದುಕೊಂಡು ಹೊಸ ಪಕ್ಕದವರ ಜೊತೆ ಸೇರಿಕೊಂಡಿತು. ಎಣಿಸಿದರೆ ಅಂಥವು 31 ಇದ್ದವು. ಮೇಡಂ ಅಷ್ಟಕ್ಕೆ ಬಿಡಲಿಲ್ಲ. “ಗೆಜೆಟಿಯರ್ ಅಂದ್ರೆ ಯಾವುದು? ರೈಸ್ ಅವರದ್ದಾ, ಹಯವದನ ರಾವ್ ಅವರದ್ದಾ?”

ನನಗೆ ಗೊತ್ತಿರಲಿಲ್ಲ. ಬಿ.ಎಲ್. ರೈಸ್ ಗೆಜೆಟಿಯರ್ ಮೊದಲು ಬಂದದ್ದು 1870ರ ದಶಕದಲ್ಲಿ, ಅದರ ಪರಿಷ್ಕೃತ ಆವೃತ್ತಿ 1897ರಲ್ಲಿ, ಸಿ. ಹಯವದನ ರಾವ್ ಸಂಪಾದಿಸಿದ್ದು 1927ರಿಂದ 1930ರವರೆಗೆ. ಮೂರಕ್ಕೂ ಪುಟಸಂಖ್ಯೆ ಬೇರೆ. ನಾನು ಬರೆದುಕೊಂಡಿದ್ದು ‘ಗೆಜೆಟಿಯರ್ 112’ ಅಂತ ಮಾತ್ರ.

ಅಲ್ಲಿಂದ ಮುಂದಿನ ಎರಡು ತಿಂಗಳು ನಾನು ಹೊಸದಾಗಿ ಏನನ್ನೂ ಬರೆಯಲಿಲ್ಲ. ಬರೆದದ್ದು ಎಲ್ಲಿಂದ ಬಂತು ಅಂತ ಹುಡುಕಿದೆ, ಅಷ್ಟೇ. ಬೇರೆಯವರಿಗೆ ಆ ಎರಡು ತಿಂಗಳು ಉಳಿದರೆ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಫೋಟೊ ಕಥೆ. ಲೈಬ್ರರಿಯಲ್ಲಿ ಹಳೇ ಪುಸ್ತಕ ಮನೆಗೆ ಕೊಡುವುದಿಲ್ಲ, ಜೆರಾಕ್ಸ್‌ಗೂ ಬಿಡುವುದಿಲ್ಲ, ಆದರೆ ಫೋನಿನಲ್ಲಿ ಫೋಟೊ ಹೊಡೆದರೆ ಯಾರೂ ಬೇಡ ಅನ್ನುವುದಿಲ್ಲ. ಹೊಡೆದೆ. ಸುಮಾರು ನಾನೂರು ಫೋಟೊ. ಬರೀ ಒಳಗಿನ ಪುಟಗಳು, ಮಧ್ಯೆ ಒಂದೆರಡು ತಂಗಿಯ ನಿಶ್ಚಿತಾರ್ಥದ್ದು, ಮತ್ತೆ ಪುಟಗಳು. ಯಾವ ಪುಟ ಯಾವ ಪುಸ್ತಕದ್ದು ಅಂತ ಹೇಳುವ ಒಂದು ಗುರುತೂ ಇರಲಿಲ್ಲ. ಕಾಗದದ ಬಣ್ಣ, ಅಕ್ಷರದ ಮೊಳೆ, ಅಂಚಿನಲ್ಲಿ ಯಾರೋ ಹಾಕಿದ್ದ ನೀಲಿ ಇಂಕಿನ ಗೀಟು ನೋಡಿ ಗುರುತು ಹಿಡಿಯಬೇಕಾಯಿತು. ಪತ್ತೇದಾರಿ ಕೆಲಸ ಅಂತ ಒಂದು ದಿನ ಖುಷಿಯಾಯಿತು, ಆಮೇಲೆ ತಲೆ ಕೆಟ್ಟಿತು.

ಈಗ ಪುಸ್ತಕ ತೆರೆದರೆ ಮೊದಲ ಫೋಟೊ ಶೀರ್ಷಿಕೆ ಪುಟದ್ದು. ಎರಡನೆಯದು ಅದರ ಹಿಂಬದಿ, ಅಂದರೆ ಪ್ರಕಾಶಕರು, ವರ್ಷ, ಎಷ್ಟನೇ ಮುದ್ರಣ ಅಂತ ಇರುತ್ತಲ್ಲ, ಅದು. ಆಮೇಲೆ ಬೇಕಾದ ಪುಟ, ಪುಟಸಂಖ್ಯೆ ಕತ್ತರಿಸಿ ಹೋಗದ ಹಾಗೆ. ಎರಡೇ ಸೆಕೆಂಡ್ ಜಾಸ್ತಿ. ಕನ್ನಡ ಪುಸ್ತಕಗಳಲ್ಲಿ ಆ ಹಿಂಬದಿ ಪುಟ ತುಂಬಾ ಮುಖ್ಯ. ಮೊದಲ ಮುದ್ರಣ, ಎರಡನೇ ಮುದ್ರಣ ಅಂತ ಎರಡು ಮೂರು ವರ್ಷ ಒಟ್ಟಿಗೆ ಇರುತ್ತವೆ, ಕೆಲವು ಸಲ ಮರುಮುದ್ರಣದಲ್ಲಿ ಹೊಸದಾಗಿ ಡಿಟಿಪಿ ಮಾಡಿ ಪುಟಗಳೇ ಬದಲಾಗಿರುತ್ತವೆ. ನಿಮ್ಮ ಕೈಯಲ್ಲಿರುವುದು ಯಾವುದೋ ಅದರ ವರ್ಷ ಹಾಕಬೇಕು.

ಶಾಸನಗಳಲ್ಲಿ ಇದಕ್ಕಿಂತ ದೊಡ್ಡ ಗುಂಡಿ ಇದೆ. ನಮ್ಮ ಕಡೆಯ ಶಾಸನಗಳನ್ನು ಅಚ್ಚು ಹಾಕಿದ ಗ್ರಂಥಮಾಲೆ ಎಪಿಗ್ರಾಫಿಯಾ ಕರ್ನಾಟಿಕಾ (ಎ.ಕ.). ಅದರ ಹಳೇ ಸಂಪುಟಗಳು ರೈಸ್ ಕಾಲದವು, 1886ರಲ್ಲಿ ಕೊಡಗಿನಿಂದ ಶುರುವಾದವು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತಂದಿತು. ಹಳೆಯದರಲ್ಲಿ ಮೂರನೇ ಸಂಪುಟ ಮೈಸೂರು ಜಿಲ್ಲೆಯ ಮೊದಲ ಭಾಗ, ಅದರಲ್ಲಿ ನಂಜನಗೂಡು ತಾಲ್ಲೂಕು ಇದೆ. ಹೊಸದರಲ್ಲಿ ಮೂರನೇ ಸಂಪುಟ ಗುಂಡ್ಲುಪೇಟೆ, ನಂಜನಗೂಡು, ಹೆಗ್ಗಡದೇವನಕೋಟೆ. ಅಂದರೆ ‘ಎ.ಕ. 3, ನಂಜನಗೂಡು’ ಅಂತ ಬರೆದು ಒಂದು ಸಂಖ್ಯೆ ಹಾಕಿದರೆ ಅದು ಎರಡರಲ್ಲೂ ಸಿಗುತ್ತದೆ, ಎರಡೂ ಬೇರೆ ಬೇರೆ ಕಲ್ಲು! ನಾನು ಅರ್ಧ ದಿನ ಒಂದು ಕೆರೆ ದತ್ತಿ ಹುಡುಕಿ, ಸಿಕ್ಕಿದ್ದೆಲ್ಲ ಗುಡಿಗೆ ಬಿಟ್ಟ ಗದ್ದೆಯ ಲೆಕ್ಕ ಆಗಿತ್ತು. ಆಮೇಲೆ ಲೈಬ್ರರಿಯಲ್ಲಿದ್ದ ಹಿರಿಯರೊಬ್ಬರು, “ನೀವು ಹಳೇದರ ನಂಬರ್ ಹಿಡ್ಕೊಂಡು ಹೊಸದರಲ್ಲಿ ಹುಡುಕ್ತಾ ಇದೀರ” ಎಂದರು. ಅವತ್ತಿನಿಂದ ಪರಿಷ್ಕೃತ ಆವೃತ್ತಿಯಾದರೆ ‘(ಪ)’ ಅಂತ ಸೇರಿಸದೆ ಒಂದು ಶಾಸನವನ್ನೂ ಬರೆದುಕೊಂಡಿಲ್ಲ.

ಇದಕ್ಕೆ ನಮ್ಮ ಸಂಕ್ಷೇಪಗಳ ಕಾಟ ಬೇರೆ. ‘ಸಂ.’ ಅಂದರೆ ಸಂಪಾದಕ. ‘ಸಂ.’ ಅಂದರೆ ಸಂಪುಟವೂ ಹೌದು. ಪತ್ರಿಕೆಯಾದರೆ ಸಂಚಿಕೆ, ಶಾಸನವಾದರೆ ಸಂಖ್ಯೆ. ನನ್ನ ಒಂದು ಟಿಪ್ಪಣಿಯಲ್ಲಿ ಮೂರು ‘ಸಂ.’ ಇದ್ದವು, ಮೂರಕ್ಕೂ ಅರ್ಥ ಬೇರೆ. ಈಗ ‘ಸಂಪುಟ’ ಅಂತ ಪೂರ್ತಿ ಬರೆಯುತ್ತೇನೆ. ಎರಡಕ್ಷರ ಉಳಿಸಿ ಯಾರಿಗೇನು ಲಾಭ.

ಇನ್ನು ಹುಡುಕುವ ವಿಷಯ. ಸಂಶೋಧನಾ ಲೇಖನಗಳನ್ನು ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಕನ್ನಡದಲ್ಲಿ ‘ಕೆರೆ’ ಅಂತ ಹೊಡೆದೆ, ಬೇಕಾದ್ದು ಅಷ್ಟಾಗಿ ಬರಲಿಲ್ಲ. ಇಂಗ್ಲಿಷಿನಲ್ಲಿ ‘ಟ್ಯಾಂಕ್ ಇರಿಗೇಶನ್’ ಹಾಕಿದರೆ ಪ್ರಪಂಚದ್ದೆಲ್ಲ ಬಂತು. ದಾರಿ ತೆರೆದದ್ದು ಶಾಸನದ ಪದಗಳಿಂದ. ಕೆರೆ ನಿರ್ವಹಣೆಗೆ ಬಿಡುತ್ತಿದ್ದ ದತ್ತಿಗೆ ‘ಬಿತ್ತುವಟ್ಟ’ ಅನ್ನುತ್ತಾರೆ, ಕೆರೆ ಕಟ್ಟಿದವರಿಗೆ ಕೊಟ್ಟ ಭೂಮಿಗೆ ‘ಕಟ್ಟುಕೊಡಗೆ’. ಈ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದರೆ ಅದೇ ವಿಷಯದ ಮೇಲೆ ಕೆಲಸ ಮಾಡಿದವರು ಮಾತ್ರ ಸಿಗುತ್ತಾರೆ, ಬೇರೆಯವರು ಆ ಪದ ಯಾಕೆ ಬಳಸುತ್ತಾರೆ? ಆದರೆ ಒಬ್ಬೊಬ್ಬರದ್ದು ಒಂದೊಂದು ಕಾಗುಣಿತ. ಒಂದು ‘ಟಿ’, ಎರಡು ‘ಟಿ’, ಕೊನೆಗೆ ‘ಎ’ ಇರುವುದು, ಇಲ್ಲದಿರುವುದು. ನಾನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದೊಂದು ಪದಕ್ಕೂ ನಾಲ್ಕೈದು ರೂಪ ಬರೆದುಕೊಂಡು ಒಂದೊಂದಾಗಿ ಹಾಕಿ ನೋಡಿದೆ. ಒಂದು ಒಳ್ಳೇ ಲೇಖನ ಸಿಕ್ಕಿತೆಂದರೆ ಅದರ ಕೆಳಗೆ ಅದನ್ನು ಉಲ್ಲೇಖಿಸಿದವರ ಪಟ್ಟಿಗೆ ಕೊಂಡಿ ಇರುತ್ತದೆ. ಅದನ್ನು ಒತ್ತಿದರೆ ಆಮೇಲೆ ಬಂದವರು ಸಿಗುತ್ತಾರೆ, ಲೇಖನದ ಕೊನೆಯ ಗ್ರಂಥಋಣ ನೋಡಿದರೆ ಹಿಂದಿನವರು.

ಶೋಧಗಂಗಾ ಎಂಬ ಜಾಲತಾಣದಲ್ಲಿ ನಮ್ಮ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಅಧ್ಯಾಯಕ್ಕೊಂದು ಪಿಡಿಎಫ್ ಆಗಿ ಇರುತ್ತವೆ. ನಾನು ಮೊದಲು ಇಳಿಸಿಕೊಳ್ಳುವುದು ಕೊನೆಯದನ್ನು, ಪರಾಮರ್ಶನ ಗ್ರಂಥಗಳ ಪಟ್ಟಿಯನ್ನು. ಯಾರೋ ನಾಲ್ಕೈದು ವರ್ಷ ಬೆವರು ಸುರಿಸಿ ಕಟ್ಟಿದ ಪಟ್ಟಿ ಅದು. ಆದರೆ ಹಳೇ ಕನ್ನಡ ಪ್ರಬಂಧಗಳಲ್ಲಿ ಒಂದು ತೊಂದರೆ. ಸುಮಾರು ಪ್ರಬಂಧಗಳು ಯೂನಿಕೋಡ್‌ಗಿಂತ ಮುಂಚಿನ ನುಡಿ, ಬರಹ ಫಾಂಟಿನಲ್ಲಿ ಟೈಪ್ ಆಗಿವೆ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪಿಡಿಎಫ್ ಒಳಗೆ ‘ಕೆರೆ’ ಹುಡುಕಿದರೆ ಸೊನ್ನೆ ಬರುತ್ತದೆ, ಎದುರಿಗೇ ಪುಟದ ತುಂಬ ಕೆರೆ ಇದ್ದರೂ. ಹುಡುಕಿದೆ, ಇಲ್ಲ ಅಂತ ಬಿಟ್ಟುಬಿಡಬೇಡಿ. ಪರಿವಿಡಿ ನೋಡಿ, ಪುಟ ತಿರುಗಿಸಿ ಓದಿ.

ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೇ ಪುಸ್ತಕಗಳು ಧಾರಾಳವಾಗಿ ಇವೆ. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು ಸೀಮೆ ಸುತ್ತಿ ಬರೆದ ಪ್ರವಾಸದ ಮೂರೂ ಸಂಪುಟಗಳನ್ನು ನಾನು ಅಲ್ಲೇ ಓದಿದ್ದು. ಪರದೆಯಲ್ಲಿ ಕಾಣುವ ಪುಟದ ಲೆಕ್ಕವೇ ಬೇರೆ, ಪುಸ್ತಕದಲ್ಲಿ ಅಚ್ಚಾದ ಪುಟಸಂಖ್ಯೆಯೇ ಬೇರೆ, ಹಾಕಬೇಕಾದ್ದು ಅಚ್ಚಾದದ್ದನ್ನು. ಸಂಶೋಧನಾ ಪತ್ರಿಕೆಗಳ ಜಾಲತಾಣವಾದ ಜೇಸ್ಟೋರ್‌ನಲ್ಲಿ ಕಾಲೇಜಿನ ಚಂದಾ ಇಲ್ಲದಿದ್ದರೂ ಸುಮ್ನೆ ಒಂದು ಖಾತೆ ತೆರೆದರೆ ತಿಂಗಳಿಗೆ ನೂರು ಲೇಖನ ಆನ್‌ಲೈನ್ ಓದಬಹುದು, ನನ್ನ ಅರ್ಧ ಓದು ಅದರಲ್ಲೇ ಆಯಿತು. ಈಗಿನವರಿಗೆ ಇನ್ನೂ ಸುಲಭ. 2025ರ ಜನವರಿಯಿಂದ ಕೇಂದ್ರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಬಂದು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸುಮಾರು 13,000 ಪತ್ರಿಕೆಗಳು ತೆರೆದಿವೆ. ನಿಮ್ಮ ವಿಶ್ವವಿದ್ಯಾಲಯ ಸೇರಿದೆಯಾ ಅಂತ ಲೈಬ್ರರಿಯಲ್ಲಿ ಕೇಳಿ. ಕೇಳದೆ ಯಾರೂ ಹೇಳುವುದಿಲ್ಲ.

ಈ ಎರಡು ತಿಂಗಳಲ್ಲಿ ನನಗೆ ಜಾಸ್ತಿ ಕಲಿಸಿದ್ದು ಪೋರುಮಾಮಿಳ್ಳ ಎಂಬ ಊರಿನ ಕೆರೆ ಶಾಸನ. ನನ್ನ ಕರಡಿನಲ್ಲಿ ‘ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳು, ಆರು ದೋಷಗಳು ಎಂದು ವಿಜಯನಗರ ಕಾಲದ ಶಾಸನ ಹೇಳುತ್ತದೆ’ ಎಂದಿತ್ತು. ಟಿಪ್ಪಣಿಯಲ್ಲಿ ಒಂದು ಸೆಮಿನಾರ್ ಲೇಖನ. ಆ ಲೇಖನ ತೆರೆದರೆ ಅದು ಒಂದು ಪುಸ್ತಕವನ್ನು ತೋರಿಸಿತು. ಆ ಪುಸ್ತಕ ಇನ್ನೊಂದು ಲೇಖನವನ್ನು. ಅಷ್ಟರಲ್ಲಿ ಶಾಸನದ ಊರೇ ಬಿಟ್ಟುಹೋಗಿತ್ತು, ಒಬ್ಬರಂತೂ ಅದು ಕರ್ನಾಟಕದ ಶಾಸನ ಅನ್ನುವ ಹಾಗೆ ಬರೆದಿದ್ದರು. ಕೊನೆಗೆ ಭಾರತದ ಶಾಸನಗಳನ್ನು ಅಚ್ಚು ಹಾಕುವ ಎಪಿಗ್ರಾಫಿಯಾ ಇಂಡಿಕಾದ 14ನೇ ಸಂಪುಟಕ್ಕೆ ಬಂದು ನಿಂತೆ. ಊರು ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳ. ಕಾಲ ಶಕ 1291, ಅಂದರೆ ಕ್ರಿ.ಶ. 1369. ಕಟ್ಟಿಸಿದವನು ಒಂದನೇ ಬುಕ್ಕನ ಮಗ ಭಾಸ್ಕರ. ಭಾಷೆ ಸಂಸ್ಕೃತ, ಸಂಪಾದಿಸಿದವರು ವಿ.ಎಸ್. ಸುಕ್ಥಣ್ಕರ್. ಹನ್ನೆರಡು ಅಂಗ, ಆರು ದೋಷ ಎರಡೂ ಇವೆ. ಜೊತೆಗೆ ನಾನು ಓದಿದ ಲೇಖನಗಳಲ್ಲಿ ಕಾಣದ ಒಂದು ಸಾಲು ಅಲ್ಲಿತ್ತು: ದಿನಕ್ಕೆ ಸಾವಿರ ಜನ ಕೂಲಿಗಳು, ನೂರು ಗಾಡಿ, ಎರಡು ವರ್ಷದ ಕೆಲಸ. ನನ್ನ ಇಡೀ ಅಧ್ಯಾಯವೇ ಕೆರೆ ಕಟ್ಟಿದ ಕೈಗಳ ಬಗ್ಗೆ! ಮೂಲಕ್ಕೆ ಹೋಗದಿದ್ದರೆ ಆ ಸಾವಿರ ಜನ ನನಗೆ ಸಿಗುತ್ತಲೇ ಇರಲಿಲ್ಲ.

ಮೂಲ ಸಿಗದಿದ್ದರೆ ಏನು ಮಾಡುವುದು? ನಾಚಿಕೊಳ್ಳದೆ ‘ಇಂಥವರ ಪುಸ್ತಕದಲ್ಲಿ ಉಲ್ಲೇಖಿತ’ ಅಂತ ಹಾಕುವುದು. ಓದದೇ ಇದ್ದದ್ದನ್ನು ಓದಿದ ಹಾಗೆ ಹಾಕಿದರೆ, ನಡುವಿನವರು ಮಾಡಿದ ತಪ್ಪು ನಿಮ್ಮ ತಪ್ಪಾಗುತ್ತದೆ. ನನ್ನ ಪ್ರಬಂಧದಲ್ಲಿ ಅಂಥವು ಐದು ಉಳಿದವು. ಬಾಹ್ಯ ಪರೀಕ್ಷಕರು ಅದನ್ನು ನೋಡಿ ಏನೂ ಅನ್ನಲಿಲ್ಲ.

ಆಕರಗಳ ಲೆಕ್ಕ ಇಡುವ ಝೊಟೆರೋ ತಂತ್ರಾಂಶ ಬಳಸಿ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಪುಕ್ಕಟೆ, ವರ್ಡ್ ಒಳಗೇ ಕೂರುತ್ತದೆ, ಪ್ಯಾರಾ ಎಲ್ಲಿಗೆ ಎತ್ತಿ ಹಾಕಿದರೂ ಟಿಪ್ಪಣಿ ತನ್ನ ಪುಸ್ತಕವನ್ನು ಮರೆಯುವುದಿಲ್ಲ. ನನ್ನ 31 ‘ಅದೇ’ಗಳಿಗೆ ಮೊದಲೇ ಅದು ಸಿಗಬೇಕಿತ್ತು. ಆದರೆ ನಮ್ಮ ಹೆಸರುಗಳನ್ನು ಕಂಡರೆ ಅದಕ್ಕೆ ಗೊಂದಲ. ಹಯವದನ ರಾವ್ ಅವರನ್ನು ‘ರಾವ್, ಸಿ. ಹಯವದನ’ ಅಂತ ಮಾಡಿಟ್ಟಿತು. ಕನ್ನಡದ ಪಟ್ಟಿಯಲ್ಲಿ ಅವರನ್ನು ‘ರ’ದಲ್ಲಿ ಯಾರು ಹುಡುಕುತ್ತಾರೆ? ‘ಹ’ದಲ್ಲೇ ಬರಬೇಕು. ಕೊನೆಯ ಹೆಸರಿನ ಜಾಗಕ್ಕೆ ‘ಹಯವದನ ರಾವ್’, ಮೊದಲಿನದಕ್ಕೆ ‘ಸಿ.’ ಅಂತ ನಾನೇ ಕೈಯಾರೆ ತಿದ್ದಿದೆ. ಸಂಸ್ಥೆಯೇ ಲೇಖಕನಾದಾಗ ಎರಡು ಖಾನೆಯನ್ನು ಒಂದು ಮಾಡುವ ಸಣ್ಣ ಗುಂಡಿ ಪಕ್ಕದಲ್ಲಿದೆ, ಅದನ್ನು ಒತ್ತಿ. ಒಂದೇ ಸಲ ತಿದ್ದಿದರೆ ಸಾಕು.

ಕೃತಿಚೌರ್ಯದ ತಪಾಸಣೆಯಲ್ಲಿ ನನಗೆ ಮೊದಲು ಬಂದದ್ದು ಬೇರೆಯವರ ಬರಹದ ಜೊತೆ ಶೇ. 22 ಹೋಲಿಕೆ. ಎದೆ ಧಸಕ್ಕೆಂದಿತು. ಯುಜಿಸಿಯ 2018ರ ನಿಯಮದ ಪ್ರಕಾರ ಶೇ. 10ರವರೆಗೆ ತೊಂದರೆ ಇಲ್ಲ, ಅದರ ಮೇಲೆ ಶೇ. 40ರವರೆಗೆ ತಿದ್ದಿ ಮತ್ತೆ ಕೊಡಬೇಕು. ನೋಡಿದರೆ ನಾನು ಶಾಸನದ ಪಾಠ, ಗೆಜೆಟಿಯರಿನ ಸಾಲುಗಳನ್ನು ಉದ್ಧರಣ ಚಿಹ್ನೆ ಇಲ್ಲದೆ, ಕೆಳಗೆ ಟಿಪ್ಪಣಿ ಹಾಕಿ ಬಿಟ್ಟಿದ್ದೆ. ಟಿಪ್ಪಣಿ ಇದೆಯಲ್ಲ, ಸಾಕು ಅಂದುಕೊಂಡಿದ್ದೆ. ಸಾಲದು. ಮಾತು ಅವರದ್ದಾದರೆ ಚಿಹ್ನೆ ಬೇಕು, ವಿಚಾರ ಮಾತ್ರ ಅವರದ್ದಾದರೆ ನನ್ನ ಮಾತಿನಲ್ಲಿ ಬರೆದು ಟಿಪ್ಪಣಿ ಹಾಕಬೇಕು. ಚಿಹ್ನೆ ಹಾಕಿ, ಎರಡು ಪ್ಯಾರಾ ಹೊಸದಾಗಿ ಬರೆದ ಮೇಲೆ ಶೇ. 7ಕ್ಕೆ ಇಳಿಯಿತು.

ಮೊನ್ನೆ ಜೂನಿಯರ್ ಒಬ್ಬ ಒಂದು ಲೇಖನ ಹುಡುಕಿಕೊಡಿ ಅಣ್ಣಾ ಅಂತ ಬಂದ. ಲೇಖಕರ ಹೆಸರಿದೆ, ಪತ್ರಿಕೆ ಇದೆ, ಸಂಪುಟ, ಪುಟ ಎಲ್ಲ ಇದೆ. ಪತ್ರಿಕೆ ನಿಜವಾದದ್ದು. ಆ ವರ್ಷದ ಆ ಸಂಚಿಕೆಯ ಪರಿವಿಡಿ ತೆಗೆದರೆ ಆ ಪುಟಗಳಲ್ಲಿ ಬೇರೇನೋ ಇದೆ. “ಎಲ್ಲಿ ಸಿಕ್ತೋ ಇದು?” ಅಂದೆ. ಚಾಟ್‌ಜಿಪಿಟಿ ಕೊಟ್ಟಿತು ಅಂದ. ಅವನು ತಂದ ಹನ್ನೆರಡರಲ್ಲಿ ನಾಲ್ಕು ಎಲ್ಲೂ ಇಲ್ಲ. ಕೇಳುವುದು ತಪ್ಪಲ್ಲ, ಆದರೆ ಅದು ಕೊಟ್ಟ ಪ್ರತಿಯೊಂದನ್ನೂ ಪತ್ರಿಕೆಯ ಪರಿವಿಡಿಯಲ್ಲಿ ಕಣ್ಣಾರೆ ನೋಡಬೇಕು. ಡಿಒಐ, ಅಂದರೆ ಲೇಖನಕ್ಕೆ ಕೊಟ್ಟ ಶಾಶ್ವತ ಆನ್‌ಲೈನ್ ಗುರುತು, ಇದ್ದರೆ ಅದನ್ನು ಬ್ರೌಸರಿನಲ್ಲಿ ಹಾಕಿ, ಎಲ್ಲಿಗೆ ಹೋಗುತ್ತದೆ ಅಂತ ನೋಡಿದರೆ ಅರ್ಧ ನಿಮಿಷದ ಕೆಲಸ.

ನನ್ನ ನಾನೂರು ಫೋಟೊಗಳಲ್ಲಿ ಒಂದನ್ನು ಬಿಟ್ಟು ಎಲ್ಲದರ ಊರೂ ಸಿಕ್ಕಿತು. ಉಳಿದದ್ದು ಒಂದು 212ನೇ ಪುಟ. ಕೆರೆಯ ಹೂಳು ಹೊರುತ್ತಿದ್ದ ಹೆಂಗಸರ ಬಗ್ಗೆ ಆರು ಸಾಲು ಇದೆ, ಅಷ್ಟು ಚೆನ್ನಾಗಿ ಬರೆದದ್ದು ಬೇರೆ ಎಲ್ಲೂ ಓದಿಲ್ಲ. ಮೇಲ್ಗಡೆ ಪುಸ್ತಕದ ಹೆಸರು ಇರಬೇಕಾದ ಜಾಗದಲ್ಲಿ ನನ್ನ ಹೆಬ್ಬೆರಳು ಇದೆ. ಪ್ರಬಂಧದಲ್ಲಿ ಅದನ್ನು ಹಾಕಲಿಲ್ಲ. ಈಗಲೂ ಲೈಬ್ರರಿಗೆ ಹೋದರೆ ಕೆರೆ ನೀರಾವರಿ ಅಂತ ಕಂಡ ಪುಸ್ತಕದ 212ನೇ ಪುಟ ತೆಗೆದು ನೋಡುತ್ತೇನೆ.