ನಿಯಮ ತಿರುಗಿಸಿದ ಪೋಕೆಮಾನ್ ಪಂದ್ಯಗಳಿಗೆ ತಂಡ ಕಟ್ಟುವ ಬಗೆ

ಪೋಕೆಮಾನ್ ಸ್ಪರ್ಧೆಗಳಲ್ಲಿ ವರ್ಷ, ಎರಡು ವರ್ಷ ಆಡಿದವರಿಗೆ ಯಾವ ಟೈಪ್‌ನ (ಫೈರ್, ವಾಟರ್ ಎಂಬಂಥ ಬಗೆಯ) ದಾಳಿ ಯಾವ ಟೈಪ್‌ಗೆ ಹೆಚ್ಚು ನಾಟುತ್ತದೆ, ಯಾವ ಪೋಕೆಮಾನ್ ಯಾವುದಕ್ಕಿಂತ ಮೊದಲು ಹೊಡೆಯುತ್ತದೆ ಎಂಬುದು ಮಗ್ಗಿಯ ಹಾಗೆ ಬಾಯಿಗೆ ಬಂದಿರುತ್ತದೆ. ನಿಯಮವನ್ನು ತಿರುಗಿಸಿ ಆಡುವ ಪಂದ್ಯಗಳಲ್ಲಿ ಇಂಥ ಅನುಭವಿಗಳೇ ಮೊದಮೊದಲು ಹೆಚ್ಚು ಸೋಲುವುದನ್ನು ಕಂಡಿದ್ದೇನೆ. ನಾನೂ ಹಾಗೆಯೇ ಸೋತಿದ್ದೇನೆ. ಆದರೆ ಇದರಿಂದ ಹಳೆಯದೆಲ್ಲವನ್ನೂ ಮರೆತು ಹೊಸದಾಗಿ ಕಲಿಯಬೇಕೆಂದು ತಿಳಿಯಬಾರದು. ಇನ್ವರ್ಸ್, ಲಿಟ್ಲ್ ಕಪ್, ಆಲ್ಮೋಸ್ಟ್ ಎನಿ ಅಬಿಲಿಟಿ ಮುಂತಾದ ಪ್ರಕಾರಗಳಲ್ಲಿ ಮೂಲತಃ ಬದಲಾಗುವುದು ಒಂದೇ ಒಂದು ನಿಯಮ. ಆ ನಿಯಮ ಯಾವ ಯಾವ ಲೆಕ್ಕದೊಳಗೆ ಕೈಹಾಕುತ್ತದೆ, ಯಾವುದನ್ನು ಮುಟ್ಟುವುದೇ ಇಲ್ಲ ಎಂಬುದನ್ನು ಮೊದಲು ಕಾಗದದ ಮೇಲೆ ಎರಡು ಸಾಲಾಗಿ ಬರೆದುಕೊಂಡು, ಮೊದಲ ಸಾಲಿಗೆ ಸೇರಿದ್ದನ್ನಷ್ಟೇ ಹೊಸದಾಗಿ ಲೆಕ್ಕಹಾಕಿ ತಂಡ ಕಟ್ಟಿದರೆ ಕೆಲಸ ಅರ್ಧಕ್ಕರ್ಧ ಹಗುರವಾಗುತ್ತದೆ.

ಆಡಲು ಬೇಕಾದುದು ಪೋಕೆಮಾನ್ ಶೋಡೌನ್ ಎಂಬ ಉಚಿತ ಸಿಮ್ಯುಲೇಟರ್ ಮತ್ತು ಒಂದು ಬ್ರೌಸರ್, ಅಷ್ಟೆ. 2004ರಲ್ಲಿ ಶುರುವಾದ ಸ್ಮೋಗನ್ ಬಳಗದವರು ಇಂಥ ಪ್ರಕಾರಗಳಿಗೆ ನಿಯಮ ಮತ್ತು ನಿಷೇಧಪಟ್ಟಿಗಳನ್ನು ರೂಪಿಸುತ್ತಾರೆ. ಶೋಡೌನ್‌ನಲ್ಲಿ ಅವು ಅದರ್ ಮೆಟಾಗೇಮ್ಸ್ ಎಂಬ ವಿಭಾಗದಲ್ಲಿ ಸಿಗುತ್ತವೆ. ನಿಮಗೆ ಬೇಕಾದ ಪ್ರಕಾರಕ್ಕೆ ಆ ಹೊತ್ತಿನಲ್ಲಿ ಲ್ಯಾಡರ್ (ಅಪರಿಚಿತರೊಡನೆ ಆಡಿ ಮೇಲೇರುವ ಶ್ರೇಣಿ) ಇಲ್ಲದಿದ್ದರೂ ಗೆಳೆಯರೊಬ್ಬರಿಗೆ ಚಾಲೆಂಜ್ ಕಳಿಸಿ ಆಡಬಹುದು. ಚಾಲೆಂಜ್ ಆದೇಶದಲ್ಲಿ ಸಾಮಾನ್ಯ ಪ್ರಕಾರದ ಹೆಸರು ಬರೆದು, ಅದರ ಮುಂದೆ @ ಗುರುತನ್ನು ಮೂರು ಸಲ ಒತ್ತಿ, ಸೇರಿಸಬೇಕಾದ ನಿಯಮದ ಹೆಸರನ್ನು, ಉದಾಹರಣೆಗೆ ಇನ್ವರ್ಸ್ ಮಾಡ್ ಎಂಬುದನ್ನು, ಇಂಗ್ಲಿಷ್‌ನಲ್ಲಿ ಬರೆದರೆ ಪಂದ್ಯ ಆ ನಿಯಮದಂತೆಯೇ ನಡೆಯುತ್ತದೆ.

ಹೊಸಬರು ಇನ್ವರ್ಸ್‌ನಿಂದಲೇ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಇದು ಅಭಿಮಾನಿಗಳು ಹುಟ್ಟುಹಾಕಿದ್ದಲ್ಲ. 2013ರಲ್ಲಿ ಬಂದ ಪೋಕೆಮಾನ್ ಎಕ್ಸ್ ಮತ್ತು ವೈ ಆಟಗಳಲ್ಲಿ, ಕಲೋಸ್ ಪ್ರಾಂತ್ಯದ 18ನೆಯ ರೂಟ್‌ನ ಮನೆಯೊಂದರಲ್ಲಿರುವ ಇನ್ವರ್ ಎಂಬಾತ ದಿನಕ್ಕೊಮ್ಮೆ ಈ ಬಗೆಯ ಪಂದ್ಯಕ್ಕೆ ಕರೆಯುತ್ತಾನೆ. ನಿಯಮ ಬಹಳ ಚಿಕ್ಕದು: ಟೈಪ್ ಪಟ್ಟಿಯಲ್ಲಿ ಇಮ್ಮಡಿ ಏಟಾಗುವಲ್ಲಿ ಅರ್ಧ ಏಟು, ಅರ್ಧ ಏಟಾಗುವಲ್ಲಿ ಇಮ್ಮಡಿ ಏಟು, ಏಟೇ ತಗಲದಿದ್ದಲ್ಲಿಯೂ ಇಮ್ಮಡಿ ಏಟು.

ಎಡವುವುದು ಈ ಮೂರನೆಯ ಮಾತಿನಲ್ಲಿ. ಎರಡು ಟೈಪ್ ಇರುವ ಪೋಕೆಮಾನ್‌ಗೆ ಸಾಮಾನ್ಯ ಪಂದ್ಯದ ಕೊನೆಯ ಉತ್ತರವನ್ನು ತಿರುವಿ ಹಾಕಿದರೆ ಲೆಕ್ಕ ತಪ್ಪುತ್ತದೆ. ಒಂದೊಂದು ಟೈಪನ್ನೂ ಬೇರೆಬೇರೆಯಾಗಿ ತಿರುವಿ, ಅನಂತರ ಗುಣಿಸಬೇಕು. ಗ್ರಾಸ್ ಮತ್ತು ಸ್ಟೀಲ್ ಟೈಪ್‌ಗಳ ಫೆರೊಥಾರ್ನ್ ಅನ್ನೇ ನೋಡಿ. ಪಾಯ್ಸನ್ ದಾಳಿ ಗ್ರಾಸ್‌ಗೆ ಇಮ್ಮಡಿ, ಸ್ಟೀಲ್‌ಗೆ ಸೊನ್ನೆ. ಆದ್ದರಿಂದ ಸಾಮಾನ್ಯ ಪಂದ್ಯದಲ್ಲಿ ಫೆರೊಥಾರ್ನ್‌ಗೆ ಅದು ತಗಲುವುದೇ ಇಲ್ಲ. ಸೊನ್ನೆ ತಿರುಗಿದರೆ ಇಮ್ಮಡಿಯಲ್ಲವೇ ಎಂದು ನಾವು ಎಣಿಸುತ್ತೇವೆ. ಆದರೆ ಗ್ರಾಸ್‌ನ ಭಾಗ ಅರ್ಧವಾಗುತ್ತದೆ, ಸ್ಟೀಲ್‌ನ ಭಾಗ ಎರಡಾಗುತ್ತದೆ, ಗುಣಿಸಿದರೆ ಒಂದು. ಅಂದರೆ ಬರಿಯ ಸಾಧಾರಣ ಏಟು. ನಾಲ್ಕು ಪಟ್ಟು ತಗಲುತ್ತಿದ್ದ ಫೈರ್ ದಾಳಿ ಕಾಲು ಪಾಲಿಗೆ ಇಳಿಯುತ್ತದೆ. ಇದುವರೆಗೆ ನಗುತ್ತಾ ತಡೆದುಕೊಳ್ಳುತ್ತಿದ್ದ ಗ್ರಾಸ್ ದಾಳಿ ನಾಲ್ಕು ಪಟ್ಟು ತಗಲುತ್ತದೆ. ನನ್ನ ಮೊದಲ ಇನ್ವರ್ಸ್ ಪಂದ್ಯದಲ್ಲಿ, ಫೆರೊಥಾರ್ನ್ ಎಂದರೆ ಕೋಟೆಗೋಡೆ ಎಂಬ ಹಳೆಯ ನಂಬಿಕೆಯಿಂದ ಅದನ್ನು ಗ್ರಾಸ್ ದಾಳಿಯೊಂದರ ಎದುರಿಗೆ ಇಳಿಸಿ, ಒಂದೇ ಏಟಿಗೆ ಕಳೆದುಕೊಂಡೆ.

ಹೀಗೆ ತಿರುವಿದಾಗ ಪಟ್ಟಿಯ ಮೇಲುಕೀಳುಗಳೇ ಬೇರೆಯಾಗುತ್ತವೆ. ಎಕ್ಸ್ ಮತ್ತು ವೈ ಆಟಗಳ ಆರನೆಯ ಪೀಳಿಗೆಯಿಂದೀಚೆಗೆ ಸ್ಟೀಲ್ ಟೈಪ್ ಹತ್ತು ಟೈಪ್‌ಗಳ ಏಟನ್ನು ಅರ್ಧಕ್ಕೆ ಇಳಿಸಿ, ಪಾಯ್ಸನ್ ಅನ್ನು ಪೂರ್ತಿ ತಡೆಯುತ್ತದೆ. ಇನ್ವರ್ಸ್‌ನಲ್ಲಿ ಆ ಹನ್ನೊಂದೂ ಅದರ ದೌರ್ಬಲ್ಯಗಳು. ಸಾಮಾನ್ಯ ಪಂದ್ಯದಲ್ಲಿ ಯಾರೂ ನೆಚ್ಚದ ಐಸ್ ಟೈಪ್, ರಕ್ಷಣೆಯಲ್ಲಿ ಎಲ್ಲಕ್ಕಿಂತ ಮುಂದೆ ಬಂದು ನಿಲ್ಲುತ್ತದೆ: ಫೈರ್, ಫೈಟಿಂಗ್, ರಾಕ್, ಸ್ಟೀಲ್ ನಾಲ್ಕೂ ಅದಕ್ಕೆ ಅರ್ಧ, ಅದಕ್ಕೆ ಹೆಚ್ಚಾಗಿ ನಾಟುವುದು ಐಸ್ ಒಂದೇ. ಮೂಲ ಡಿಫೆನ್ಸ್ 184 ಇರುವ, ಕಳೆದುಕೊಂಡ ಪ್ರಾಣಶಕ್ತಿಯನ್ನು ತುಂಬಿಕೊಳ್ಳುವ ರಿಕವರ್ ಕಲಿಯುವ ಅವಲಗ್ ಇಲ್ಲಿ ನಿಜವಾದ ಗೋಡೆ. ಸ್ಪೆಷಲ್ ಡಿಫೆನ್ಸ್ 46 ಮಾತ್ರ ಎಂಬುದನ್ನು ಮರೆಯಬೇಡಿ, ಇನ್ವರ್ಸ್ ನಿಯಮ ಆ ಕೊರತೆಯನ್ನು ತುಂಬುವುದಿಲ್ಲ. ದಾಳಿಗೆ ನಾರ್ಮಲ್ ಟೈಪ್ ಉತ್ತಮ. ಮಾಮೂಲಿ ಪಟ್ಟಿಯಲ್ಲಿ ನಾರ್ಮಲ್ ಯಾವುದಕ್ಕೂ ಇಮ್ಮಡಿ ನಾಟುವುದಿಲ್ಲ. ಹಾಗಾಗಿ ತಿರುವಿದ ಪಟ್ಟಿಯಲ್ಲಿ ಅದನ್ನು ಅರ್ಧಕ್ಕೆ ಇಳಿಸುವ ಟೈಪೇ ಇರುವುದಿಲ್ಲ. ರಾಕ್, ಸ್ಟೀಲ್ ಮತ್ತು ಘೋಸ್ಟ್‌ಗೆ ಇಮ್ಮಡಿ, ಉಳಿದೆಲ್ಲಕ್ಕೂ ಪೂರ್ತಿ ಏಟು. ತನ್ನ ಟೈಪ್‌ನ ದಾಳಿಗೆ ಇನ್ನಷ್ಟು ಬಲ ಕೊಡುವ ಅಡಾಪ್ಟಬಿಲಿಟಿ ಎಂಬ ಅಬಿಲಿಟಿ (ಹುಟ್ಟುಗುಣ) ಇರುವ ಪೊರಿಗಾನ್-ಜೆಡ್, ನಾರ್ಮಲ್ ದಾಳಿಯಾದ ಟ್ರೈ ಅಟ್ಯಾಕ್ ಒಂದನ್ನೇ ಒತ್ತುತ್ತಾ ಕುಳಿತರೂ ಎದುರಾಳಿಗೆ ಟೈಪ್ ನೋಡಿ ಬದಲಿ ಇಳಿಸುವ ದಾರಿ ಇಲ್ಲ.

ಇನ್ನು ಎರಡನೆಯ ಸಾಲು: ನಿಯಮ ಮುಟ್ಟದಿರುವುದು. ಫ್ಲೈಯಿಂಗ್ ಟೈಪ್‌ಗೆ ಗ್ರೌಂಡ್ ದಾಳಿ ಈಗ ಇಮ್ಮಡಿ ತಗಲುತ್ತದೆ. ಆದರೆ ಲೆವಿಟೇಟ್ ಅಬಿಲಿಟಿಯಿಂದ ತೇಲುವ ಪೋಕೆಮಾನ್‌ಗೆ ಅದು ಎಂದಿನಂತೆ ತಗಲುವುದಿಲ್ಲ, ಏಕೆಂದರೆ ಅಬಿಲಿಟಿಯ ರಕ್ಷಣೆ ಟೈಪ್ ಪಟ್ಟಿಯ ಮೂಲಕ ಬಂದದ್ದಲ್ಲ. ವಾಟರ್ ಟೈಪ್‌ಗೆ ಇಮ್ಮಡಿ ನಾಟುವ ವಿಶೇಷ ಗುಣ ಫ್ರೀಜ್-ಡ್ರೈ ಎಂಬ ಐಸ್ ದಾಳಿಗೆ ಇಲ್ಲಿಯೂ ಉಳಿಯುತ್ತದೆ. ಎದುರಾಳಿ ಇಳಿಯುವ ಜಾಗದಲ್ಲಿ ಚೂಪುಗಲ್ಲುಗಳನ್ನು ಹರಡುವ ಸ್ಟೆಲ್ತ್ ರಾಕ್ ಮಾತ್ರ ಪಟ್ಟಿಯನ್ನು ನೋಡಿಯೇ ಹಾನಿ ಮಾಡುವುದರಿಂದ ಪೂರ್ತಿ ತಿರುಗುತ್ತದೆ. ಫೈರ್ ಮತ್ತು ಫ್ಲೈಯಿಂಗ್ ಆಗಿರುವ ಚಾರಿಜಾರ್ಡ್ ಸಾಮಾನ್ಯ ಪಂದ್ಯದಲ್ಲಿ ಆ ಕಲ್ಲುಗಳ ಮೇಲೆ ಇಳಿದ ಒಂದೊಂದು ಸಲವೂ ಅರ್ಧ ಎಚ್‌ಪಿ (ಪ್ರಾಣಶಕ್ತಿ) ಕಳೆದುಕೊಳ್ಳುತ್ತದೆ. ಇನ್ವರ್ಸ್‌ನಲ್ಲಿ ಕಳೆದುಕೊಳ್ಳುವುದು 32ರಲ್ಲಿ ಒಂದು ಪಾಲು. ಹಾಗೆಂದು ಸ್ಟೆಲ್ತ್ ರಾಕ್ ನಿರುಪಯೋಗಿಯಲ್ಲ. ರಾಕ್ ಏಟನ್ನು ತಡೆದುಕೊಳ್ಳುತ್ತಿದ್ದ ಸ್ಟೀಲ್, ಗ್ರೌಂಡ್, ಫೈಟಿಂಗ್ ಟೈಪ್‌ಗಳಿಗೆ ಅದು ಈಗ ಕಾಲು ಪಾಲು ಕೊಯ್ಯುತ್ತದೆ.

ಲಿಟ್ಲ್ ಕಪ್‌ನಲ್ಲಿ ಟೈಪ್ ಪಟ್ಟಿ ಇದ್ದಂತೆಯೇ ಇರುತ್ತದೆ, ಬದಲಾಗುವುದು ಅಂಕಗಣಿತ. ಮುಂದೆ ವಿಕಾಸ ಹೊಂದಬಲ್ಲ, ಆದರೆ ಇನ್ನೂ ಮೊದಲ ಹಂತದಲ್ಲಿರುವ ಪೋಕೆಮಾನ್‌ಗಳು ಮಾತ್ರ, ಎಲ್ಲವೂ 5ನೆಯ ಲೆವೆಲ್‌ನಲ್ಲಿ. ಮರಿಗಳ ಜಗಳ ಎಂದು ನಗುವವರು ಒಮ್ಮೆ ಇವಿ (ಪೋಕೆಮಾನ್‌ನ ಅಂಕಗಳನ್ನು ಏರಿಸಲು ನಾವು ಕೊಡುವ ಬಿಂದುಗಳು) ಹಂಚಿ ನೋಡಬೇಕು. ಲೆವೆಲ್ 100ರಲ್ಲಿ 4 ಇವಿಗೆ ಒಂದು ಅಂಕ ಏರಿದರೆ ಇಲ್ಲಿ ಒಂದು ಅಂಕಕ್ಕೆ 80 ಇವಿ ಬೇಕು, ಭಿನ್ನರಾಶಿಯನ್ನೆಲ್ಲ ಆಟ ಕತ್ತರಿಸಿ ಎಸೆಯುತ್ತದೆ. ಮೂಲ ಸ್ಪೀಡ್ 80 ಇರುವ ಗ್ಯಾಸ್ಟ್ಲಿಯನ್ನು ತೆಗೆದುಕೊಳ್ಳಿ. ಮೂಲದ ಎರಡರಷ್ಟು 160, ಪೂರ್ಣ ಐವಿ (ಹುಟ್ಟಿನಿಂದಲೇ ಬಂದ ಹೆಚ್ಚುವರಿ ಅಂಕ) 31, ಸೇರಿ 191. ಇದನ್ನು 20ರಿಂದ ಭಾಗಿಸಿದರೆ 9, ಅದಕ್ಕೆ 5 ಕೂಡಿಸಿದರೆ 14. ಸ್ಪೀಡ್‌ಗೆ 196 ಇವಿ ಕೊಟ್ಟರೆ ಅದರ ಕಾಲು ಪಾಲಾದ 49 ಸೇರಿ 240 ಆಗುತ್ತದೆ. ಭಾಗಿಸಿದರೆ ಸರಿಯಾಗಿ 12, ಒಟ್ಟು 17, ವೇಗ ಹೆಚ್ಚಿಸುವ ನೇಚರ್ (ಸ್ವಭಾವ) ಇದ್ದರೆ 18. ರೂಢಿಯಂತೆ 252 ಕೊಟ್ಟರೆ? 254ನ್ನು ಭಾಗಿಸಿದರೂ ಬರುವುದು ಅದೇ 12. ಅಂದರೆ 56 ಇವಿ ನೀರಿಗೆ ಹಾಕಿದಂತೆ. ಲಿಟ್ಲ್ ಕಪ್ ತಂಡಗಳಲ್ಲಿ 36, 116, 196, 236 ಎಂಬ ವಿಚಿತ್ರ ಸಂಖ್ಯೆಗಳು ಕಾಣುವುದು ಈ ಕಾರಣದಿಂದಲೇ. ಪ್ರತಿಯೊಂದು ಪೋಕೆಮಾನ್‌ಗೂ ಈ ಲೆಕ್ಕವನ್ನು ಒಮ್ಮೆಯಾದರೂ ಕೈಯಲ್ಲಿ ಮಾಡಿ.

ಎಚ್‌ಪಿಯಲ್ಲಿಯೂ ಇದೇ ಸೂಕ್ಷ್ಮ ಇದೆ. ಗ್ಯಾಸ್ಟ್ಲಿಯ ಎಚ್‌ಪಿಗೆ ಇವಿ ಹಾಕದಿದ್ದರೆ ಅದು 19ಕ್ಕೆ ನಿಲ್ಲುತ್ತದೆ, 36 ಹಾಕಿದರೆ 20 ಆಗುತ್ತದೆ. ಒಂದು ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೇ ಎನ್ನಬಹುದು. ಕೈಯಲ್ಲಿ ಏಟಿನ ಬಲ ಹೆಚ್ಚಿಸುವ ಲೈಫ್ ಆರ್ಬ್ ಎಂಬ ವಸ್ತು ಇದ್ದರೆ ಅಲ್ಲ: ಅದು ಹೊಡೆದ ಪ್ರತಿ ಸಲವೂ ಒಟ್ಟು ಎಚ್‌ಪಿಯ ಹತ್ತನೆಯ ಒಂದು ಪಾಲನ್ನು ಕೀಳುತ್ತದೆ, 19ರಲ್ಲಿ ಅದು 1, 20ರಲ್ಲಿ 2. ಬೆರಿ ಜ್ಯೂಸ್ ಎಂಬ ವಸ್ತು 20 ಎಚ್‌ಪಿ ತುಂಬುತ್ತದೆ, ದೊಡ್ಡವರ ಪಂದ್ಯದಲ್ಲಿ ಅದು ಲೆಕ್ಕಕ್ಕಿಲ್ಲ. ಇಲ್ಲಿ ಎಚ್‌ಪಿ ತುಂಬಿರುವಾಗ ಒಂದೇ ಏಟಿಗೆ ಉರುಳಗೊಡದ ಸ್ಟರ್ಡಿ ಅಬಿಲಿಟಿಯ ಮ್ಯಾಗ್ನಮೈಟ್ ಒಂದು ಎಚ್‌ಪಿಯಲ್ಲಿ ಉಳಿದು, ಅದನ್ನು ಕುಡಿದು ಮತ್ತೆ ತುಂಬಿಕೊಂಡರೆ ಸ್ಟರ್ಡಿಯೂ ಮತ್ತೆ ಸಿದ್ಧವಾಗಿರುತ್ತದೆ. ಯಾವಾಗಲೂ 20 ಎಚ್‌ಪಿ ಕೀಳುವ ಸಾನಿಕ್ ಬೂಮ್, 40 ಕೀಳುವ ಡ್ರ್ಯಾಗನ್ ರೇಜ್ ಹಳೆಯ ಪೀಳಿಗೆಗಳ ಲಿಟ್ಲ್ ಕಪ್‌ನಲ್ಲಿ ಏಕೆ ನಿಷಿದ್ಧ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಷೇಧಪಟ್ಟಿಯನ್ನು ಕೊನೆಗೆ ನೋಡುವ ಅಭ್ಯಾಸ ಹಲವರಿಗಿದೆ. ಮೊದಲೇ ಓದಬೇಕು, ತಂಡ ತಿರಸ್ಕೃತವಾಗದಿರಲಿ ಎಂಬುದಕ್ಕಷ್ಟೇ ಅಲ್ಲ, ಈ ನಿಯಮದಲ್ಲಿ ಬಲ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಅದರಷ್ಟು ಚೊಕ್ಕವಾಗಿ ಬೇರಾವುದೂ ಹೇಳುವುದಿಲ್ಲ. ಆಲ್ಮೋಸ್ಟ್ ಎನಿ ಅಬಿಲಿಟಿಯಲ್ಲಿ ಯಾವ ಪೋಕೆಮಾನ್‌ಗಾದರೂ, ನಿಷಿದ್ಧವಲ್ಲದ ಯಾವ ಅಬಿಲಿಟಿಯನ್ನಾದರೂ ಕೊಡಬಹುದು. ಅಟ್ಯಾಕ್ ಅನ್ನು ಇಮ್ಮಡಿಗೊಳಿಸುವ ಹ್ಯೂಜ್ ಪವರ್, ಇಮ್ಮಡಿ ನಾಟುವ ದಾಳಿಯನ್ನಲ್ಲದೆ ಬೇರಾವ ದಾಳಿಯನ್ನೂ ಒಳಗೆ ಬಿಡದ ವಂಡರ್ ಗಾರ್ಡ್, ಎದುರಾಳಿಯನ್ನು ಕದಲಗೊಡದ ಶ್ಯಾಡೋ ಟ್ಯಾಗ್ ಪಟ್ಟಿಯಲ್ಲಿರುವುದು ಸಹಜ. ಗಮನಿಸಬೇಕಾದದ್ದು ರೆಜಿಗಿಗಾಸ್, ಸ್ಲೇಕಿಂಗ್ ಎಂಬ ಹೆಸರುಗಳನ್ನು. ಸಾಮಾನ್ಯ ಪಂದ್ಯದಲ್ಲಿ ಯಾರೂ ಕೇಳದ ಇವುಗಳ ಮೂಲ ಅಂಕಗಳ ಮೊತ್ತ 670, ಅಟ್ಯಾಕ್ 160; ಇವನ್ನು ಕಟ್ಟಿಹಾಕಿದ್ದು ಸ್ಲೋ ಸ್ಟಾರ್ಟ್, ಟ್ರುವಂಟ್ ಎಂಬ ಅಬಿಲಿಟಿಗಳೇ, ಅವನ್ನು ಕಿತ್ತುಹಾಕಿದರೆ ಹಿಡಿಯುವವರಿಲ್ಲ. ಇದೇ ಜಾಡಿನಲ್ಲಿ, ಅಬಿಲಿಟಿಯಿಂದಾಗಿಯೇ ಹಿಂದುಳಿದ, ಆದರೆ ನಿಷೇಧಕ್ಕೆ ಸಿಕ್ಕದ ಪೋಕೆಮಾನ್‌ಗಳನ್ನು ಹುಡುಕಿ. ಲಿಟ್ಲ್ ಕಪ್‌ನ ಪಟ್ಟಿಯೂ ಹೀಗೆಯೇ ಮಾತಾಡುತ್ತದೆ: ಮೊತ್ತ 500 ಇರುವ ಸೈಥರ್ ಅಲ್ಲಿ ನಿಷಿದ್ಧ, ಮೇಲೆ ಲೆಕ್ಕ ಹಾಕಿದ ಗ್ಯಾಸ್ಟ್ಲಿಯೂ ಕೆಲವು ಪೀಳಿಗೆಗಳಲ್ಲಿ ನಿಷಿದ್ಧ. ಆದ್ದರಿಂದ ನೀವು ಆಡುವ ಪೀಳಿಗೆಯ ಪಟ್ಟಿಯನ್ನೇ ನೋಡಬೇಕು.

ಅಬಿಲಿಟಿಯನ್ನು ಬಲ ಹೆಚ್ಚಿಸಲು ಬಳಸುವುದಕ್ಕಿಂತ ರಂಧ್ರ ಮುಚ್ಚಲು ಬಳಸುವುದು ಎಷ್ಟೋ ಸಲ ಹೆಚ್ಚು ಫಲ ಕೊಡುತ್ತದೆ. ಬಗ್ ಮತ್ತು ಸ್ಟೀಲ್ ಆಗಿರುವ ಸಿಝರ್‌ಗೆ ಇರುವ ದೌರ್ಬಲ್ಯ ಫೈರ್ ಒಂದೇ, ಅದೂ ನಾಲ್ಕು ಪಟ್ಟು. ಫೈರ್ ದಾಳಿಯನ್ನು ತಗಲಗೊಡದ ಫ್ಲ್ಯಾಶ್ ಫೈರ್ ಅಬಿಲಿಟಿ ಕೊಟ್ಟರೆ ಆ ಒಂದು ಬಾಗಿಲೂ ಮುಚ್ಚಿ, ಟೈಪ್ ಪಟ್ಟಿಯ ಪ್ರಕಾರ ಅದಕ್ಕೆ ದೌರ್ಬಲ್ಯವೇ ಉಳಿಯುವುದಿಲ್ಲ. ಬೆಲೆಯಾಗಿ, ಕಡಿಮೆ ಬಲದ ದಾಳಿಗಳನ್ನು ಬಲಗೊಳಿಸುವ ಟೆಕ್ನಿಷಿಯನ್ ಅಬಿಲಿಟಿ ಹೋಗುತ್ತದೆ, ಅದರ ಬುಲೆಟ್ ಪಂಚ್ ದಾಳಿ ಮೊದಲಿನಷ್ಟು ನೋಯಿಸುವುದಿಲ್ಲ. ಇಂಥ ಅಬಿಲಿಟಿಗಳನ್ನು ಲೆಕ್ಕಿಸದೆ ಹೊಡೆಯುವ ಮೋಲ್ಡ್ ಬ್ರೇಕರ್ ಇರುವ ಎದುರಾಳಿಯ ಫೈರ್ ದಾಳಿಗೆ ಈ ರಕ್ಷಣೆ ಲೆಕ್ಕಕ್ಕೂ ಬರುವುದಿಲ್ಲ. ಎದುರಾಳಿಯ ಸಿಝರ್ ಕಂಡಾಗ ನೀವೂ ಇದನ್ನೇ ನೆನೆಯಬೇಕು. ಅಬಿಲಿಟಿ ಬಯಲಾಗುವವರೆಗೆ ನಿಮ್ಮ ಏಕೈಕ ಫೈರ್ ದಾಳಿಯ ಮೇಲೆ ಇಡೀ ಆಟವನ್ನು ಪಣಕ್ಕಿಡಬಾರದು.

ಬ್ಯಾಲೆನ್ಸ್ಡ್ ಹ್ಯಾಕ್‌ಮಾನ್ಸ್ ಎಂಬ ಪ್ರಕಾರದಲ್ಲಿ ಅಬಿಲಿಟಿಯ ಜೊತೆಗೆ ದಾಳಿಗಳೂ ಬಹುಮಟ್ಟಿಗೆ ಮುಕ್ತ. ಆದರೂ ಅಲ್ಲಿ ತಂಡಗಳನ್ನು ನಿಜವಾಗಿ ರೂಪಿಸುವುದು ಇಂಪೋಸ್ಟರ್ ಎಂಬ ಅಬಿಲಿಟಿಯ ಭಯ. ಡಿಟ್ಟೊಗೆ ಸೇರಿದ ಈ ಅಬಿಲಿಟಿಯನ್ನು ಚಾನ್ಸಿಗೋ ಬ್ಲಿಸಿಗೋ ಹಾಕುತ್ತಾರೆ. ಅದು ಕಣಕ್ಕಿಳಿದ ಕೂಡಲೇ ಎದುರಿಗಿರುವ ನಿಮ್ಮ ಪೋಕೆಮಾನ್‌ನ ರೂಪ ತಾಳಿ, ಟೈಪ್, ದಾಳಿ, ಅಬಿಲಿಟಿ, ನೀವು ಕಷ್ಟಪಟ್ಟು ಏರಿಸಿಕೊಂಡ ಅಂಕಗಳು ಎಲ್ಲವನ್ನೂ ನಕಲು ಮಾಡುತ್ತದೆ, ತನ್ನ ಅಪಾರ ಎಚ್‌ಪಿಯನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳುತ್ತದೆ. ಅಂದರೆ ನಿಮ್ಮ ಬಲಶಾಲಿಯೇ ನಿಮಗೆ ಎದುರಾಗುತ್ತದೆ, ನಿಮ್ಮದಕ್ಕಿಂತ ಹೆಚ್ಚು ಹೊತ್ತು ಬದುಕುತ್ತದೆ. ಆದ್ದರಿಂದ ಆರು ಪೋಕೆಮಾನ್‌ಗಳನ್ನು ಸಾಲಾಗಿ ಬರೆದು, ಪ್ರತಿಯೊಂದರ ಮುಂದೆಯೂ ಇದರ ನಕಲು ಬಂದರೆ ತಂಡದಲ್ಲಿ ಯಾರು ಇಳಿಯುತ್ತಾರೆ ಎಂದು ಬರೆಯಿರಿ. ಖಾಲಿ ಉಳಿದ ಸಾಲು ಇದ್ದರೆ ಆ ಪೋಕೆಮಾನ್ ಅನ್ನು ಬದಲಿಸಬೇಕು, ಇಲ್ಲವೇ ತನ್ನದೇ ದಾಳಿ ತನಗೆ ತಗಲದಂತೆ ಹೆಣೆಯಬೇಕು: ಫ್ಲ್ಯಾಶ್ ಫೈರ್ ಹೊತ್ತು ಫೈರ್ ದಾಳಿ ಮಾತ್ರ ಇಟ್ಟುಕೊಂಡಿದ್ದರೆ ನಕಲಿಗೂ ಅಸಲಿಗೂ ಒಬ್ಬರನ್ನೊಬ್ಬರು ಸುಡಲಾಗುವುದಿಲ್ಲ. ತನ್ನ ಬದಲಿಗೆ ಏಟು ತಿನ್ನುವ ಸಬ್‌ಸ್ಟಿಟ್ಯೂಟ್ ಎಂಬ ಬೊಂಬೆಯ ಹಿಂದೆ ನಿಂತಿರುವ ಪೋಕೆಮಾನ್‌ನ ನಕಲೂ ಸಾಧ್ಯವಿಲ್ಲ.

ಉಳಿದ ಪ್ರಕಾರಗಳಿಗೂ ಇದೇ ಎರಡು ಸಾಲಿನ ಕಾಗದ ಸಾಕು. ಕ್ಯಾಮೊಮಾನ್ಸ್‌ನಲ್ಲಿ ಪೋಕೆಮಾನ್‌ನ ಟೈಪನ್ನು ಅದರ ಮೊದಲ ಎರಡು ದಾಳಿಗಳು ನಿರ್ಧರಿಸುತ್ತವೆ, ಆದ್ದರಿಂದ ದಾಳಿಗಳ ಕ್ರಮವೇ ರಕ್ಷಣೆ. ಸ್ಟ್ಯಾಬ್‌ಮಾನ್ಸ್‌ನಲ್ಲಿ ತನ್ನ ಟೈಪ್‌ನ ಯಾವ ದಾಳಿಯನ್ನಾದರೂ, ನಿರ್ಬಂಧಿಸಿದವನ್ನು ಬಿಟ್ಟು, ಕಲಿಯಬಹುದು. ಮೆಟ್ರೊನೋಮ್ ಪಂದ್ಯದಲ್ಲಿ ಎಲ್ಲರ ಬಳಿಯೂ ಅದೊಂದೇ ದಾಳಿ, ಯಾವುದು ಬರುವುದೆಂಬುದು ಅದೃಷ್ಟ. ಸಂಜೆ ಹೊತ್ತು ಕಳೆಯಲು ಚೆನ್ನ, ಅಭ್ಯಾಸಕ್ಕಲ್ಲ.

ತಂಡ ಸಿದ್ಧವಾದ ಮೇಲೆ ಹತ್ತು ಪಂದ್ಯಗಳವರೆಗೆ ಅದನ್ನು ಬದಲಿಸದೆ ಆಡಿ. ಪ್ರತಿ ಪಂದ್ಯದ ರೀಪ್ಲೇ ಉಳಿಸಿಕೊಂಡು, ಸೋತ ಪಂದ್ಯಗಳಲ್ಲಿ ಆಟ ಕೈತಪ್ಪಿದ ಸರದಿಯನ್ನು ಗುರುತಿಸಿ. ಅಲ್ಲಿ ಎಡವಿದ್ದು ಕಾಗದದ ಯಾವ ಸಾಲಿನಲ್ಲಿ ಎಂದು ನೋಡಿ. ಬದಲಾದ ಲೆಕ್ಕವನ್ನು ಹಳೆಯ ರೂಢಿಯಂತೆ ಹಾಕಿದ್ದರೆ ತಂಡವನ್ನು ಮುಟ್ಟಬೇಡಿ, ಆ ಲೆಕ್ಕವನ್ನು ಇನ್ನೊಮ್ಮೆ ಬರೆಯಿರಿ. ಲೆಕ್ಕ ಸರಿಯಿದ್ದೂ ಇಳಿಸಲು ಸರಿಯಾದ ಪೋಕೆಮಾನ್ ಇರಲಿಲ್ಲವಾದರೆ, ಆಗ ಆರರಲ್ಲಿ ಒಂದನ್ನು, ಒಂದನ್ನು ಮಾತ್ರ, ಬದಲಿಸಿ ಮುಂದಿನ ಹತ್ತಕ್ಕೆ ಇಳಿಯಿರಿ.