ಹಳೆ ಪೇಪರ್ ಹುಡುಕುವಾಗ ಊರಿನ ಹೆಸರು ಬದಲಿಸಿ ನೋಡಿ

ಇಂಟರ್ನೆಟ್ ಆರ್ಕೈವ್‌ನಂಥ, ಹಳೆ ಪುಟಗಳ ಸ್ಕ್ಯಾನ್ ಪ್ರತಿ ಇಟ್ಟಿರುವ ವೆಬ್‌ಸೈಟ್‌ಗಳಲ್ಲಿ ಹಳೆ ಪತ್ರಿಕೆ ಹುಡುಕುವವರಿಗೆ ಒಂದು ಮಾತು. ಸುಮ್ನೆ ‘ದಾವಣಗೆರೆ ಜಿಲ್ಲೆ’ ಅಂತ ಹಾಕಿದರೆ 1997ಕ್ಕಿಂತ ಹಿಂದಿನ ಸುದ್ದಿ ಸಿಗುವುದು ಕಷ್ಟ. ಜಿಲ್ಲೆ ಆಗಿದ್ದೇ ಆ ವರ್ಷ; ಅದಕ್ಕೂ ಮುಂಚೆ ನಮ್ಮೂರು ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಅಲ್ವಾ? ಹೊನ್ನಾಳಿ, ಚನ್ನಗಿರಿಯದು ಬೇಕಾದರೆ ಶಿವಮೊಗ್ಗ ಅಂತ ಹುಡುಕಿ. ಬ್ರಿಟಿಷರ ಕಾಲದ ಇಂಗ್ಲಿಷ್ ಪತ್ರಿಕೆಗಳಲ್ಲಿ ಚಿತ್ರದುರ್ಗವನ್ನು ‘ಚಿತಲ್‌ಡ್ರೂಗ್’ ಅಂತ ಬರೆಯುತ್ತಿದ್ದರು. ಸ್ಪೆಲ್ಲಿಂಗೂ ಒಂದೇ ಥರ ಇರುವುದಿಲ್ಲ.

ಕನ್ನಡ ಪುಟಗಳದ್ದು ಬೇರೆ ತಲೆನೋವು. ಸ್ಕ್ಯಾನ್ ಮಾಡಿದ ಪುಟದ ಅಕ್ಷರಗಳನ್ನು ಕಂಪ್ಯೂಟರೇ ಓದಿ ಹುಡುಕಿಕೊಡುತ್ತೆ; ಅಚ್ಚು ಮಾಸಿದ್ದರೆ ಅದು ಒತ್ತಕ್ಷರಗಳನ್ನು ತಪ್ಪಾಗಿ ಓದುವುದೇ ಜಾಸ್ತಿ. ಹಾಗಾಗಿ ಹರಿಹರ, ಜಗಳೂರು ಥರ ಒತ್ತಿಲ್ಲದ ಪದ ಹಾಕಿ ನೋಡಿ. ತಾರೀಖು ಗೊತ್ತಿದ್ದರೆ ಪುಟ ತಿರುವುವುದೇ ವಾಸಿ. ಹಳ್ಳಿ ಕಡೆಯ ಸುದ್ದಿ ತಡವಾಗಿ ಅಚ್ಚಾಗಿರಬಹುದು, ಮುಂದಿನ ನಾಲ್ಕೈದು ದಿನಗಳ ಸಂಚಿಕೆಗಳನ್ನೂ ಬಿಡಬೇಡಿ.