ಎಲ್ಲಿ ಯಾವ ಮಾತು: ಮ್ಯಾಡ್ರಿಡ್‌ನಲ್ಲಿ ನಾನು ಸ್ಪ್ಯಾನಿಷ್ ಕಲಿತ ಬಗೆ

ಮ್ಯಾಡ್ರಿಡ್‌ಗೆ ಕೆಲಸಕ್ಕೆ ಅಂತ ಬರುವ ನಮ್ಮ ಕಡೆಯ ಹುಡುಗರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ. "ಅಕ್ಕಾ, ಸ್ಪ್ಯಾನಿಷ್ ಕಲಿಯೋಕೆ ಯಾವ ಆ್ಯಪ್ ಒಳ್ಳೇದು?" ಯಾವುದಾದರೂ ಆಗುತ್ತೆ ಅಂತೀನಿ. ವ್ಯಾಕರಣಕ್ಕೆ ನಾನು ಇಲ್ಲಿನ ಸರ್ಕಾರಿ ಭಾಷಾ ಶಾಲೆಯ ಸಂಜೆ ತರಗತಿಗೆ ಹೋದೆ. 'ಎಸ್ಕ್ವೇಲ ಒಫಿಥಿಯಾಲ್ ದೆ ಇದಿಯೋಮಸ್' ಅಂತ ಹೆಸರು. ಇಂಥ ಶಾಲೆಗಳಲ್ಲಿ ಮೊದಲನೆಯದು 1911ರಲ್ಲಿ ಶುರುವಾದದ್ದು ಇದೇ ಮ್ಯಾಡ್ರಿಡ್‌ನಲ್ಲಿ. ಪಾಠ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾರ್‌ನಲ್ಲಿ, ಸಂತೆಯಲ್ಲಿ, ಲಿಫ್ಟ್‌ನಲ್ಲಿ ಜನ ಆಡುವ ಮಾತು ನನಗೆ ಒಲಿದದ್ದು ಒಂದು ನೋಟ್‌ಬುಕ್‌ನಿಂದ.

ಆ ನೋಟ್‌ಬುಕ್‌ನಲ್ಲಿ ಪದಗಳ ಪಟ್ಟಿ ಇಲ್ಲ. ಒಂದೊಂದು ಜಾಗಕ್ಕೆ ಒಂದೊಂದು ಪುಟ. ಬಾರ್ ಒಂದು ಪುಟ, ತರಕಾರಿ ಅಂಗಡಿ ಒಂದು, ಲಿಫ್ಟ್ ಒಂದು, ಆಸ್ಪತ್ರೆ ಒಂದು, ಫೋನ್ ಒಂದು. ಒಂದು ಮಾತು ಕಿವಿಗೆ ಬಿದ್ದರೆ ಇಡೀ ವಾಕ್ಯ ಬರೆದುಕೊಳ್ಳುತ್ತಿದ್ದೆ. ಯಾರು ಅಂದರು, ಯಾರಿಗೆ ಅಂದರು, ಎಷ್ಟು ಹೊತ್ತಿಗೆ ಅಂದರು, ಎದುರಿನವರು ಏನು ಉತ್ತರ ಕೊಟ್ಟರು, ಇಷ್ಟು. ಅರ್ಥಕ್ಕೆ ಜಾಗವನ್ನೇ ಬಿಡಲಿಲ್ಲ. ಮಾರನೇ ದಿನ ಅದೇ ಜಾಗಕ್ಕೆ ಹೋಗಿ ಅದೇ ವಾಕ್ಯ ಆಡುತ್ತಿದ್ದೆ.

ಬರೆದದ್ದು ಕನ್ನಡ ಲಿಪಿಯಲ್ಲಿ. ಇದನ್ನು ಎಲ್ಲರಿಗೂ ಹೇಳ್ತೀನಿ. ಸ್ಪ್ಯಾನಿಷ್‌ನ ತ, ದ ನಮ್ಮ ತ, ದ ತರಾನೇ ಹಲ್ಲಿಗೆ ತಾಗುತ್ತವೆ, ಇಂಗ್ಲಿಷ್‌ನ ಟ, ಡ ಅಲ್ಲ. ಸ್ವರಗಳು ಐದೇ, ಐದೂ ಸ್ಪಷ್ಟ. ಎಲ್ಲಿ ಒತ್ತು ಬೀಳುತ್ತೋ ಅಲ್ಲಿ ನಾನು ದೀರ್ಘ ಹಾಕಿಕೊಂಡೆ. ಇಂಗ್ಲಿಷ್ ಅಕ್ಷರದಲ್ಲಿ ಓದಿದರೆ ನಾಲಿಗೆ ಇಂಗ್ಲಿಷ್ ಕಡೆಗೆ ಹೋಗುತ್ತೆ. ಕನ್ನಡದಲ್ಲಿ ಬರೆದುಕೊಂಡರೆ ಉಚ್ಚಾರಣೆ ಅರ್ಧ ದಾರಿ ತಾನೇ ಬಂದಿರುತ್ತೆ.

ಬಾರ್ ಅಂದರೆ ಹೆಂಡದಂಗಡಿ ಅಂದುಕೊಳ್ಳಬೇಡಿ. ಇಲ್ಲಿ ಬೆಳಗ್ಗೆ ಕಾಫಿ, ತಿಂಡಿ ಸಿಗುವುದೂ ಅಲ್ಲೇ. ಕೋರ್ಸ್ ಪುಸ್ತಕದಲ್ಲಿ ಕಾಫಿ ಕೇಳಲು 'ಕಿಸಿಯೇರ ಉನ್ ಕಫೇ, ಪೊರ್ ಫಬೋರ್' ಅಂತ ಇತ್ತು. ತಪ್ಪೇನಿಲ್ಲ. ಆದರೆ ನನ್ನ ಪಕ್ಕ ನಿಂತವರು ಯಾರೂ ಹಾಗೆ ಕೇಳುತ್ತಿರಲಿಲ್ಲ. ಅವರು ಅನ್ನುತ್ತಿದ್ದದ್ದು 'ಮೆ ಪೋನೆಸ್ ಉನ್ ಕಫೇ ಕೊನ್ ಲೇಚೆ?' ಒಂದು ಹಾಲು ಕಾಫಿ ಹಾಕ್ತೀರಾ ಅಂತ. ಗಿರಾಕಿ ಜಾಸ್ತಿ ಇದ್ದರೆ ಕೊನೆಗೆ 'ಕ್ವಾಂದೊ ಪ್ವೇದಸ್' ಸೇರಿಸುತ್ತಾರೆ, ನಿಮಗೆ ಬಿಡುವಾದಾಗ ಅಂತ. ಆ ಎರಡು ಪದದಲ್ಲಿ ಬೇಕಾದಷ್ಟು ಮರ್ಯಾದೆ ಇದೆ. 'ಪೊರ್ ಫಬೋರ್' ಪ್ರತಿ ವಾಕ್ಯಕ್ಕೂ ಬೇಕಿಲ್ಲ. ನಮ್ಮ ದರ್ಶಿನಿಯಲ್ಲಿ 'ದಯವಿಟ್ಟು ಒಂದು ಕಾಫಿ ಕೊಡಿ' ಅಂತ ಯಾರಾದರೂ ಕೇಳ್ತಾರಾ? ದನಿಯಲ್ಲಿ, ಪ್ರಶ್ನೆ ಕೇಳುವ ಧಾಟಿಯಲ್ಲಿ ಮರ್ಯಾದೆ ಇರುತ್ತೆ. ಇಲ್ಲೂ ಹಾಗೇ. ದುಡ್ಡು ಕೊಡುವಾಗ, ಕೌಂಟರ್ ಹತ್ತಿರ ನಿಂತಿದ್ದರೆ 'ಮೆ ಕೋಬ್ರಸ್?' ಅನ್ನಿ, ದುಡ್ಡು ತಗೊಳ್ತೀರಾ ಅಂತ. ಟೇಬಲ್‌ನಲ್ಲಿ ಕೂತು ಉಂಡಿದ್ದರೆ 'ಲ ಕ್ವೇಂತ, ಕ್ವಾಂದೊ ಪ್ವೇದಸ್', ಬಿಡುವಾದಾಗ ಬಿಲ್ ಕೊಡಿ ಅಂತ.

ಸಸ್ಯಾಹಾರಿಗಳಿಗೆ ಈ ಪುಟದಲ್ಲಿ ಇನ್ನೊಂದು ಸಾಲು ಬಹಳ ಮುಖ್ಯ. 'ಸೊಯ್ ಬೆಹೆತರಿಯಾನ' ಅಂದರೆ ನಾನು ಸಸ್ಯಾಹಾರಿ, ಗಂಡಸರು 'ಬೆಹೆತರಿಯಾನೊ' ಅನ್ನಬೇಕು. ಅಷ್ಟರಿಂದ ಕೆಲಸ ಮುಗಿಯಲ್ಲ. 'ಸಿನ್ ಕಾರ್ನೆ', ಮಾಂಸ ಬೇಡ, ಅಂದರೂ ಕೆಲವರ ಲೆಕ್ಕದಲ್ಲಿ ಹಂದಿಯ ಹಮೋನ್, ಅತೂನ್ ಅನ್ನುವ ಟ್ಯೂನಾ ಮೀನು ಎರಡೂ ಮಾಂಸದಲ್ಲಿ ಬರುವುದಿಲ್ಲ. 'ಸಾಂದ್ವಿಚ್ ಬೆಹೆತಾಲ್' ಅಂತ ಬೋರ್ಡಿನಲ್ಲಿರುತ್ತೆ. ಹೆಸರಿನಲ್ಲಿ ತರಕಾರಿ ಇದ್ದರೂ ಒಳಗೆ ಟ್ಯೂನಾ, ಮೊಟ್ಟೆ ಇರುವುದೇ ಹೆಚ್ಚು. ಬೇಳೆ ಸಾರಿನಂತೆ ಕಾಣುವ 'ಲೆಂತೇಹಸ್'ನಲ್ಲಿ ಚೊರೀಥೊ ಅನ್ನುವ ಹಂದಿ ಸಾಸೇಜಿನ ತುಂಡು ಸಾಮಾನ್ಯವಾಗಿ ಇರುತ್ತೆ. ಆದ್ದರಿಂದ ಒಂದೊಂದೇ ಹೆಸರು ಹಿಡಿದು ಕೇಳಬೇಕು: 'ಯೇಬ ಹಮೋನ್? ಯೇಬ ಅತೂನ್?' ಇದರಲ್ಲಿ ಹಮೋನ್ ಇದೆಯಾ, ಟ್ಯೂನಾ ಇದೆಯಾ ಅಂತ. ಹೀಗೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಒಳಗೆ ಹೋಗಿ ಅಡುಗೆಯವರನ್ನೇ ಕೇಳಿ ಬರುತ್ತಾರೆ.

ನನಗೆ ತುಂಬ ಇಷ್ಟವಾದ ಪುಟ ಸಂತೆಯದು. ಮ್ಯಾಡ್ರಿಡ್‌ನ ಬಹಳಷ್ಟು ಬಡಾವಣೆಗಳಲ್ಲಿ ಒಂದು 'ಮೆರ್ಕಾದೊ' ಇದೆ, ಒಂದೇ ಸೂರಿನಡಿ ಹಣ್ಣು, ತರಕಾರಿ, ಮೀನು, ಚೀಸ್ ಎಲ್ಲ. ಅಂಗಡಿ ಮುಂದೆ ನಾಲ್ಕೈದು ಅಜ್ಜಿಯಂದಿರು ಅಲ್ಲೊಬ್ಬರು ಇಲ್ಲೊಬ್ಬರು ನಿಂತಿರುತ್ತಾರೆ. ಸಾಲು ಅಂತ ಕಣ್ಣಿಗೆ ಕಾಣುವುದಿಲ್ಲ. ಆದರೆ ಸಾಲು ಇದೆ. ಹೋದ ತಕ್ಷಣ ಯಾರ ಮುಖವನ್ನೂ ನೋಡದೆ, ಎಲ್ಲರಿಗೂ ಕೇಳುವ ಹಾಗೆ 'ಕ್ಯೇನ್ ಎಸ್ ಎಲ್ ಊಲ್ತಿಮೊ?' ಅನ್ನಬೇಕು. ಕೊನೆಯವರು ಯಾರು ಅಂತ. ಒಬ್ಬರು 'ಯೊ', ನಾನು, ಅಂತಾರೆ. ಅವರ ಮುಖ ನೆನಪಿಟ್ಟುಕೊಂಡರೆ ಆಯ್ತು, ಆಮೇಲೆ ಎಲ್ಲಿ ಬೇಕಾದರೂ ನಿಲ್ಲಬಹುದು. ನಿಮ್ಮ ನಂತರ ಬಂದವರು ಕೇಳಿದಾಗ 'ಯೊ' ಅನ್ನುವ ಸರದಿ ನಿಮ್ಮದು. ಚೀಟಿಯಲ್ಲಿ ನಂಬರ್ ಕೊಡುವ ಮಿಷನ್ ಕೆಲವು ಅಂಗಡಿಗೆ ಬಂದಿದೆ. ಇಲ್ಲದ ಕಡೆ ಇದೇ ಪದ್ಧತಿ. ಆಸ್ಪತ್ರೆಯಲ್ಲಿ ರಕ್ತ ಕೊಡಲು ಕೂತಾಗಲೂ ಈ ಪ್ರಶ್ನೆ ಕೇಳಿದ್ದೇನೆ. ಇದನ್ನು ಕೇಳಿದ ಕೂಡಲೇ ಅಜ್ಜಿಯಂದಿರು ನನ್ನನ್ನು ನೋಡುವ ರೀತಿಯೇ ಬದಲಾಗುತ್ತಿತ್ತು. ಈಕೆಗೆ ಇಲ್ಲಿನ ಕ್ರಮ ಗೊತ್ತು ಅಂತ ನಾಲ್ಕು ಮಾತಾಡುತ್ತಿದ್ದರು. ನನ್ನ ಸ್ಪ್ಯಾನಿಷ್‌ಗೆ ನಿಜವಾದ ಮೇಷ್ಟ್ರು ಅವರೇ.

ನಿಮ್ಮ ಸರದಿ ಬಂದಾಗ ಅಂಗಡಿಯವರು 'ದೀಮೆ' ಅಂತಾರೆ. ಹೇಳು ಅಂತ ಅಷ್ಟೇ, ಗದರುವುದಲ್ಲ. ವಯಸ್ಸಾದವರಿಗೆ 'ದೀಗಮೆ', ಹೇಳಿ. ಆಮೇಲೆ 'ಕೆ ತೆ ಪೋಂಗೊ?', ಏನು ಹಾಕಲಿ? ಅರ್ಧ ಕೆ.ಜಿ. ಬೇಕಾದರೆ 'ಮೇದಿಯೊ ಕೀಲೊ'. ಇನ್ನೊಂದು ಅಳತೆ ಯಾವ ಆ್ಯಪ್‌ನಲ್ಲೂ ನನಗೆ ಸಿಕ್ಕಿರಲಿಲ್ಲ, 'ಕ್ವಾರ್ತೊ ಇ ಮಿತಾದ್'. ಕಾಲು ಕೆ.ಜಿ., ಮೇಲೆ ಅದರರ್ಧ. ಅಂದರೆ 375 ಗ್ರಾಂ. ಪಾವು, ಅಚ್ಚೇರು ಕೇಳಿ ಬೆಳೆದವರಿಗೆ ಇಂಥ ಲೆಕ್ಕ ಸುಲಭವಾಗಿ ತಲೆಗೆ ಹತ್ತುತ್ತೆ. ಕಟ್ಟಿಕೊಟ್ಟ ಮೇಲೆ 'ಆಲ್ಗೊ ಮಾಸ್?' ಅಂತ ಕೇಳ್ತಾರೆ, ಇನ್ನೇನಾದರೂ? ಸಾಕು ಅಂದರೆ 'ನಾದ ಮಾಸ್, ಗ್ರಾಥಿಯಸ್'.

ಇನ್ನು ನಮಸ್ಕಾರದ ವಿಷಯ. 'ಬ್ವೇನೊಸ್ ದೀಯಸ್' ಬೆಳಗಿನದು ಅಂತ ಪುಸ್ತಕ ಹೇಳುತ್ತೆ. ಆದರೆ ಇಲ್ಲಿ ಬೆಳಗು ಮುಗಿಯುವುದು ಮಧ್ಯಾಹ್ನದ ಊಟದ ಹೊತ್ತಿಗೆ, ಊಟ ಎರಡು ಗಂಟೆ ಮೇಲೆ. ಒಂದು ಗಂಟೆಗೂ 'ಬ್ವೇನೊಸ್ ದೀಯಸ್' ನಡೆಯುತ್ತೆ. ಉಂಡ ಮೇಲೆ 'ಬ್ವೇನಸ್ ತಾರ್ದೆಸ್', ಅದು ಕತ್ತಲಾಗುವವರೆಗೆ. ಜೂನ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂವರೆ ದಾಟಿರುತ್ತೆ! ಅನುಮಾನ ಬಂದರೆ ಬರೀ 'ಬ್ವೇನಸ್' ಅನ್ನಿ, ಯಾವ ಹೊತ್ತಿಗೂ ಸರಿ. ಲಿಫ್ಟ್ ಹತ್ತಿದಾಗ ಒಳಗಿದ್ದವರಿಗೆ, ಡಾಕ್ಟರ ಹತ್ತಿರ ಕಾಯುವ ಕೋಣೆಗೆ ಕಾಲಿಟ್ಟಾಗ ಅಲ್ಲಿ ಕೂತ ಎಲ್ಲರಿಗೂ ಸೇರಿಸಿ ಒಂದು 'ಬ್ವೇನಸ್' ಹೇಳಬೇಕು. ಹೊರಡುವಾಗ 'ಆಸ್ತ ಲ್ವೇಗೊ', ಮತ್ತೆ ಸಿಗೋಣ ಅಂತ. ಅವರನ್ನು ಮತ್ತೆ ಕಾಣುವ ಮಾತೇ ಇರಲ್ಲ, ಆದರೂ ಹೇಳ್ತಾರೆ. ನಾವು 'ಬರ್ತೀನಿ' ಅಂತ ಹೊರಡಲ್ವಾ, ಹಾಗೆ. ಬೀದಿಯಲ್ಲಿ ಗುರುತಿನವರು ಎದುರಾಗಿ, ನಿಂತು ಮಾತಾಡಲು ಬಿಡುವಿಲ್ಲದಿದ್ದರೆ ನಗುತ್ತಾ 'ಅದಿಯೋಸ್' ಅಂದು ಮುಂದೆ ಹೋಗುತ್ತಾರೆ. ಬೀಳ್ಕೊಡುವ ಪದ ಅಂತ ಅರ್ಥ ಮಾತ್ರ ಬರೆದುಕೊಂಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಫೋನ್ ಪುಟದಲ್ಲಿ ಕಷ್ಟವಾಗಿದ್ದದ್ದು ಮಾತು ಮುಗಿಸುವುದು. ಎತ್ತಿದಾಗ 'ದೀಗಮೆ' ಅಥವಾ 'ಸೀ?' ಸಾಕು. ಇಡುವಾಗ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಮೊದಲು 'ಪ್ವೆಸ್ ನಾದ', ಸರಿ ಹಾಗಾದ್ರೆ. ಆ ಕಡೆಯಿಂದ 'ಬಾಲೆ, ಬಾಲೆ'. ಆಮೇಲೆ 'ಬೇಂಗ'. ಕೊನೆಗೆ 'ಆಸ್ತ ಲ್ವೇಗೊ, ಅದಿಯೋಸ್, ಅದಿಯೋಸ್'. ನಮ್ಮ 'ಆಯ್ತು, ಸರಿ, ಇಡ್ಲಾ, ಹಾಂ ಹಾಂ, ಬರ್ಲಾ' ಇದೆಯಲ್ಲ, ಅದರ ಲಯವೇ. 'ಬಾಲೆ' ಅಂದರೆ ಸರಿ, ಒಪ್ಪಿದೆ. 'ಬೇಂಗ' ಅನ್ನುವುದಕ್ಕೆ ಬಾ, ನಡಿ, ಆಯ್ತು, ಬೇಗ ಮಾಡು ಅಂತ ಸಂದರ್ಭಕ್ಕೆ ತಕ್ಕ ಹಾಗೆ ಹಲವು ಅರ್ಥ. ಫೋನ್‌ನಲ್ಲಿ ಮಾತ್ರ ಅದು ಮುಗಿಸೋಣ ಅನ್ನುವ ಸೂಚನೆ.

ಇಲ್ಲ ಅನ್ನುವುದಕ್ಕೂ ಒಂದು ಕ್ರಮ ಇದೆ. ಶುಕ್ರವಾರ ಸಂಜೆ ಆಫೀಸಿನವರು ಕರೆದರೆ, ಆಗದಿದ್ದರೆ, ಬರೀ 'ನೊ' ಅಂದರೆ ಒರಟಾಗುತ್ತೆ. 'ಎಸ್ ಕೆ...' ಅಂತ ಶುರು ಮಾಡಬೇಕು. ಅದೇನಂದ್ರೆ, ನಾಳೆ ಬೇಗ ಏಳಬೇಕು. ಆ 'ಅದೇನಂದ್ರೆ' ಹೇಗೆ ನಮ್ಮ ಬಾಯಲ್ಲಿ ತಾನಾಗಿ ಬರುತ್ತೋ ಇದೂ ಹಾಗೇ. ಯಾರಾದರೂ ನಿಮ್ಮ ಸ್ಪ್ಯಾನಿಷ್ ಹೊಗಳಿದರೆ 'ಕೆ ಬಾ!', ಅಯ್ಯೋ ಎಲ್ಲಿ ಬಂತು, ಅನ್ನಿ.

ಇಲ್ಲಿ ಕನ್ನಡದವರಿಗೆ ಒಂದು ದೊಡ್ಡ ಅನುಕೂಲ ಇದೆ. ಇದನ್ನು ಯಾರಾದರೂ ನನಗೆ ಮೊದಲೇ ಹೇಳಬಾರದಿತ್ತಾ ಅನಿಸುತ್ತೆ. ಇಂಗ್ಲಿಷ್ ಮೂಲಕ ಕಲಿಯುವವರಿಗೆ 'ಮೆ ಗೂಸ್ತ ಎಲ್ ಕಫೇ' ತಲೆಕೆಳಗಾಗಿ ಕಾಣುತ್ತೆ. ನಮಗೆ? 'ನನಗೆ ಕಾಫಿ ಇಷ್ಟ'. 'ಮೆ ದ್ವೇಲೆ ಲ ಕಬೇಥ' ಅಂದರೆ 'ನನಗೆ ತಲೆ ನೋಯ್ತಿದೆ'. 'ನನಗೆ' ಅಂತಲೇ ಶುರು. ಹಾರೈಕೆಯ ಮಾತುಗಳೂ ಹಾಗೇ. ಊಟ ಮಾಡುತ್ತಿರುವವರ ಪಕ್ಕ ಹಾದುಹೋಗುವಾಗ 'ಕೆ ಅಪ್ರೊಬೇಚೆ' ಅಂತಾರೆ, ಉಂಡದ್ದು ಮೈಗೆ ಹತ್ತಲಿ. ಹುಷಾರಿಲ್ಲದವರಿಗೆ 'ಕೆ ತೆ ಮೆಹೋರೆಸ್', ಬೇಗ ಗುಣವಾಗಲಿ. ತರಗತಿಯಲ್ಲಿ ಎಲ್ಲರೂ ಹೆದರುವ 'ಸುಬ್ಹುಂತೀಬೊ' ಅನ್ನುವ ಕ್ರಿಯಾಪದದ ರೂಪ ಇವುಗಳಲ್ಲೇ ಕೂತಿದೆ. ನಾನು ಅದನ್ನು ನಮ್ಮ 'ಆಗಲಿ, ಬರಲಿ, ಸಿಗಲಿ' ಅನ್ನುವ 'ಲಿ' ಜೊತೆ ಇಟ್ಟು ಹಿಡಿದೆ. ಎಲ್ಲ ಕಡೆಗೂ ಹೊಂದಲ್ಲ, ಹಾರೈಕೆಗೆ ಚೆನ್ನಾಗಿ ಹೊಂದುತ್ತೆ. 'ಒಹಲಾ' ಕೂಡ ಈ ಗುಂಪಿನದೇ. ಅರಬ್ಬಿಯಿಂದ ಬಂದ ಪದ, ಹಾಗಾಗಲಪ್ಪಾ ಅನ್ನುವಾಗ ಒಂಟಿಯಾಗಿಯೂ ನಿಲ್ಲುತ್ತೆ.

ಅಭಿನಂದನೆಯಲ್ಲಿ ಎರಡು ಬೇರೆ ಬೇರೆ. ಕೆಲಸ ಸಿಕ್ಕಿತು, ಮಗು ಹುಟ್ಟಿತು ಅಂದರೆ 'ಎನೊರಬ್ವೇನ'. ಹುಟ್ಟುಹಬ್ಬಕ್ಕೆ 'ಫೆಲಿಥಿದಾದೆಸ್'. ಕಷ್ಟದ ಕೆಲಸಕ್ಕೆ ಹೊರಟವರಿಗೆ, ಸೋತು ಕೂತವರಿಗೆ 'ಆನಿಮೊ', ಧೈರ್ಯವಾಗಿರು. ವಾರಾಂತ್ಯ ಚೆನ್ನಾಗಿರಲಿ ಅಂದವರಿಗೆ 'ಇಗ್ವಲ್ಮೇಂತೆ', ನಿಮಗೂ ಹಾಗೇ.

ನೀನು, ನೀವು ಇಲ್ಲೂ ಇವೆ, 'ತೂ' ಮತ್ತು 'ಉಸ್ತೇದ್'. ಸ್ಪೇನ್‌ನಲ್ಲಿ 'ತೂ' ಬಹಳ ಬೇಗ ಬರುತ್ತೆ. ಮ್ಯಾನೇಜರ್‌ಗೂ 'ತೂ', ಅಂಗಡಿಯವರಿಗೂ 'ತೂ'. ನಾನು ಮಾತ್ರ ನಮ್ಮ ಕಟ್ಟಡದ ಹಿರಿಯರಿಗೆಲ್ಲ 'ಉಸ್ತೇದ್'ನಿಂದಲೇ ಶುರು ಮಾಡಿದೆ. ಬೇಡ ಅನಿಸಿದವರು 'ತುತೇಯಮೆ' ಅಂದರು, ನನಗೆ ತೂ ಅನ್ನು ಅಂತ. ಉಳಿದವರಿಗೆ ಇಂದಿಗೂ 'ಉಸ್ತೇದ್'. ಗೌರವದಿಂದ ಶುರು ಮಾಡಿದರೆ ಕಳೆದುಕೊಳ್ಳುವುದು ಏನೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ನೋಟ್‌ಬುಕ್‌ನ ಹಿಂಬದಿಯಲ್ಲಿ 'ಕೇಳೋದಕ್ಕೆ ಮಾತ್ರ' ಅಂತ ಒಂದು ಪುಟ ಇದೆ. ಮ್ಯಾಡ್ರಿಡ್ ಜನ ಗೆಳೆಯರ ನಡುವೆ ಬೈಗುಳ ಧಾರಾಳವಾಗಿ ಬಳಸುತ್ತಾರೆ, ಕೋಪವಿಲ್ಲದೆಯೂ. ಅರ್ಥವಾಗಬೇಕು, ಆದರೆ ಹೊಸಬರ ಬಾಯಲ್ಲಿ ಅದು ಬೇರೆಯೇ ಆಗಿ ಕೇಳಿಸುತ್ತೆ. 'ತೀಯೊ', 'ತೀಯ' ಅಂತ ಗೆಳೆಯರನ್ನು ಕರೆಯುವುದನ್ನೂ ನಾನು ಸಲುಗೆ ಬೆಳೆದ ಮೇಲೆಯೇ ಶುರು ಮಾಡಿದೆ.

ಸ್ಪೇನ್ ಬಿಟ್ಟು ಹೊರಗೆ ಹೋಗುವವರು ಪುಟದ ಮೂಲೆಯಲ್ಲಿ ದೇಶದ ಹೆಸರನ್ನೂ ಬರೆದುಕೊಳ್ಳಿ. ನನ್ನ ಜೊತೆ ಕೆಲಸ ಮಾಡುವ ಮೆಕ್ಸಿಕೊದ ಹುಡುಗಿ ಮಾತು ಕೇಳಿಸದಿದ್ದರೆ 'ಮಾಂದೆ?' ಅಂತಾಳೆ. ಇಲ್ಲಿನವರು 'ಕೋಮೊ?' ಅಂತಾರೆ. ಅವಳ 'ಅಒರೀತ' ಅಂದರೆ ಈಗಲೇ ಅಂತಲೂ ಆಗಬಹುದು, ಸ್ವಲ್ಪ ಹೊತ್ತು ಬಿಟ್ಟು ಅಂತಲೂ ಆಗಬಹುದು. 'ಕೆ ಅಪ್ರೊಬೇಚೆ' ಅಲ್ಲಿ 'ಬ್ವೇನ್ ಪ್ರೊಬೇಚೊ' ಆಗುತ್ತೆ. ಎಲ್ಲಕ್ಕಿಂತ ಎಚ್ಚರ ಬೇಕಾದ್ದು 'ಕೊಹೇರ್' ಅನ್ನುವ ಕ್ರಿಯಾಪದದ ಬಗ್ಗೆ. ಸ್ಪೇನ್‌ನಲ್ಲಿ ಬಸ್ ಹಿಡಿಯುವುದಕ್ಕೆ, ಫೋನ್ ಎತ್ತುವುದಕ್ಕೆ ದಿನವಿಡೀ ಅದೇ ಪದ. ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ಅದು ಅಶ್ಲೀಲ. ಎದುರಿಗಿರುವವರು ಯಾವ ದೇಶದವರು ಅಂತ ಗೊತ್ತಿಲ್ಲದಿದ್ದರೆ ಬಸ್ಸಿಗೆ 'ತೊಮಾರ್' ಅನ್ನಿ, ಎಲ್ಲ ಕಡೆಯೂ ಅರ್ಥವಾಗುತ್ತೆ.